ಕೋರ್ಟಿನ ಹಿಂದಿನ ಮನೆಯ ಲಾಯರಮ್ಮ

ಹೋದ ತಿಂಗಳು ಮನೆ ಸಾಮಾನಿನ ಜೊತೆ ಅಂಗಡಿಯವನು ತಪ್ಪಿ ಒಂದು ಬಾಟಲಿ ಕರಿ ಫಿನಾಯಿಲ್ ಕಳಿಸಿಬಿಟ್ಟ. ಈಗೆಲ್ಲ ನಮ್ಮ ಮನೆಗೆ ಬರುವುದು ನಿಂಬೆಯದೋ ಮಲ್ಲಿಗೆಯದೋ ಪರಿಮಳದ್ದು, ಮದುವೆ ಮನೆಯಲ್ಲಿ ಎರಚಿದರೂ ಯಾರೂ ಬೇಡ ಅನ್ನುವುದಿಲ್ಲ. ಇದು ಹಾಗಲ್ಲ. ಮುಚ್ಚಳ ತಿರುಗಿಸಿದರೆ ಸಾಕು, ಡಾಂಬರಿನಂಥ ವಾಸನೆ ಮೂಗಿನೊಳಗೆ ನುಗ್ಗಿ ಅಲ್ಲೇ ಕೂತುಬಿಡುತ್ತದೆ. ವಾಪಸು ಕಳಿಸೋಣವೆಂದು ಬಾಟಲಿ ಎತ್ತಿಕೊಂಡವಳು ಹಾಗೇ ನಿಂತೆ... ನಮ್ಮ ಲಾಯರಮ್ಮ ದಿನಾ ಬೆಳಿಗ್ಗೆ, ಕರಿ ಕೋಟು ಹಾಕಿಕೊಳ್ಳುವ ಮುಂಚೆ, ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಈ ವಾಸನೆಯನ್ನು ಆಫೀಸಿನ ಹಿತ್ತಲಿಗೆಲ್ಲ ಎರಚುತ್ತಿದ್ದರು. ಕಕ್ಕಸು ತೊಳೆದು, ಕೈಕಾಲು ತೊಳೆದು, ಆಮೇಲೆ ಕೋರ್ಟಿಗೆ ಹೋಗುವ ವಕೀಲರನ್ನು ನಾನು ನೋಡಿದ್ದು ಅವರೊಬ್ಬರನ್ನೇ.

ಊರಿನ ಹೆಸರು ಹೇಳುವುದಿಲ್ಲ. ಚಿಂತಾಮಣಿಯೋ, ಶಿಡ್ಲಘಟ್ಟವೋ, ಚಿಕ್ಕಬಳ್ಳಾಪುರವೋ, ಗೌರಿಬಿದನೂರೋ, ನಾಲ್ಕರಲ್ಲೊಂದು ಅಂದುಕೊಳ್ಳಿ. ನಾಲ್ಕೂ ಕೋರ್ಟಿಗೆ ನಾನು ಇವತ್ತಿಗೂ ಹೋಗಬೇಕು, ನಾಲ್ಕೂ ಕಡೆ ಕ್ಯಾಂಟೀನಿನಲ್ಲಿ ಕಾಫಿ ಕುಡಿಯಬೇಕು. ಬೀಗ ಹಾಕಿದ ಮೇಲೂ ಬೀದಿಯ ತಿರುವಿನಿಂದ ವಾಪಸು ಬಂದು ಎಳೆದು ನೋಡುವ ಜಾತಿಯವಳು ನಾನು. ಇಷ್ಟು ವರ್ಷ ವಕಾಲತ್ತು ಮಾಡಿದ್ದರೂ ನ್ಯಾಯಾಧೀಶರು ಕೆಮ್ಮಿದರೆ ನನ್ನಿಂದಲೇ ಏನೋ ತಪ್ಪಾಯಿತೆಂದು ಕಾಗದ ತಿರುವಿ ನೋಡುತ್ತೇನೆ. ಇಂಥವಳನ್ನು ಲಾಯರಮ್ಮ ಜೂನಿಯರ್ ಮಾಡಿಕೊಂಡದ್ದು ಯಾಕೋ, ಅದು ಅವರ ಜೊತೆಗೇ ಹೋಯಿತು.

ಎಂಬತ್ತರ ದಶಕದ ಮಾತು. ಆಗ ಈ ಕಡೆಯ ಊರುಗಳೆಲ್ಲ ಕೋಲಾರ ಜಿಲ್ಲೆಗೇ ಸೇರಿದ್ದವು. ಆ ಕೋರ್ಟಿನಲ್ಲಿ ಹೆಂಗಸೆಂದು ಇದ್ದ ವಕೀಲರು ಲಾಯರಮ್ಮ ಒಬ್ಬರೇ. ನಾನು ಹೋಗಿ ಸೇರುವ ಮೊದಲು ಅವರು ಊರಿನ ದೊಡ್ಡ ವಕೀಲರೊಬ್ಬರ ಬಳಿ ಜೂನಿಯರ್ ಆಗಿದ್ದರು. ಆ ದೊಡ್ಡ ವಕೀಲರನ್ನು ಊರೆಲ್ಲ ‘ಸೀನಿಯರ್’ ಅನ್ನುತ್ತಿತ್ತು, ನಾನೂ ಹಾಗೇ ಅನ್ನುತ್ತೇನೆ. ದಾವೆ ಬರೆಯುವುದು ಲಾಯರಮ್ಮ, ಸಹಿ ಹಾಕುವುದು ಸೀನಿಯರ್. ಅದಕ್ಕೂ ಅವರು ಹೊಂದಿಕೊಂಡಿದ್ದರು. ಹೊಂದಿಕೊಳ್ಳಲಾಗದ್ದು ಒಂದೇ. ಇಡೀ ಕೋರ್ಟಿನಲ್ಲಿ ಹೆಂಗಸರಿಗೊಂದು ಕಕ್ಕಸು ಇರಲಿಲ್ಲ. ಗಂಡಸರಿಗೆ ಕಾಂಪೌಂಡಿನ ಹಿಂದಿನ ಗೋಡೆ ಇತ್ತು. ವಕೀಲರು, ಪೊಲೀಸರು, ಕೈಕೋಳದ ಆರೋಪಿಗಳು, ಎಲ್ಲರಿಗೂ ಆ ಗೋಡೆಯ ಮುಂದೆ ಸಮಾನ ನ್ಯಾಯ. ಹೆಂಗಸರು ಬೆಳಿಗ್ಗೆಯಿಂದ ನೀರು ಕುಡಿಯದೆ ಬರುತ್ತಿದ್ದರು. ಲಾಯರಮ್ಮನೂ ವರ್ಷಗಟ್ಟಲೆ ಹಾಗೇ ಬಂದರು.

ಒಂದು ದಿನ ಅವರಿಗೆ ಮೈ ಸರಿ ಇರಲಿಲ್ಲ. ತಡೆಯಲಾಗದೆ ಪೇಟೆ ಬೀದಿಯ ಪರಿಚಯದವರ ಮನೆಗೆ ಓಡಿದರು. ಓಡಿ ಬರುವಷ್ಟರಲ್ಲಿ ಅವರು ನೋಡಿಕೊಳ್ಳಬೇಕಿದ್ದ ಕೇಸನ್ನು ಕೂಗಿ, ವಕೀಲರಿಲ್ಲವೆಂದು ವಜಾ ಮಾಡಿ ಆಗಿತ್ತು. ಅದೇನು ಪ್ರಳಯವಲ್ಲ, ಒಂದು ಅರ್ಜಿ ಹಾಕಿದರೆ ಮತ್ತೆ ಎದ್ದು ಕೂರುವ ಕೇಸು. ಆದರೆ ಸೀನಿಯರ್ ಮಾರನೆಯ ದಿನ ವಕೀಲರ ಕೊಠಡಿಯಲ್ಲಿ, ಎಲ್ಲರೂ ಇರುವಾಗ, ಕಾಫಿ ಲೋಟ ಕೈಯಲ್ಲಿ ಹಿಡಿದು ಅಂದರಂತೆ:

“ಅಷ್ಟು ಹೊತ್ತು ತಡ್ಕೊಳೋಕಾಗ್ದೋರು ಲಾ ಯಾಕಮ್ಮ ಓದ್ಬೇಕು? ಮನೇಲಿರಿ. ಎಲ್ಲಾ ಹತ್ರದಲ್ಲೇ ಇರತ್ತೆ.”

ಕೊಠಡಿಯೆಲ್ಲ ನಕ್ಕಿತು. “ಅಳು ಬಂತಾ ಮೇಡಂ?” ಎಂದು ನಾನು ಎಷ್ಟೋ ವರ್ಷದ ಮೇಲೆ ಕೇಳಿದಾಗ ಲಾಯರಮ್ಮ ನನ್ನನ್ನು ಪೆದ್ದಿಯ ಹಾಗೆ ನೋಡಿದರು. “ಅಳೋದ್ಯಾಕೆ? ಯಾರ್ಯಾರು ನಗ್ತಿದಾರೆ ಅಂತ ನಿಂತು ನೋಡ್ಕೊಂಡೆ ಕಣೇ. ಒಬ್ಬೊಬ್ಬರ ಹಲ್ಲೂ ನೆನಪಿದೆ.”

ಆವತ್ತೇ ಆ ಆಫೀಸು ಬಿಟ್ಟರು. ಕೋರ್ಟಿನ ಹಿಂದೆ ಒಂದು ಹಂಚಿನ ಮನೆ ಬಾಡಿಗೆಗಿತ್ತು. ಮಳೆ ಬಂದರೆ ಸೋರುವ, ಪುಸ್ತಕ ಇಟ್ಟರೆ ಗೆದ್ದಲು ಹಿಡಿಯುವ ಮನೆ. ಅದಕ್ಕಿದ್ದ ಒಂದೇ ಹೆಚ್ಚುಗಾರಿಕೆ ಹಿತ್ತಲಿನ ಕಕ್ಕಸು. ಅದನ್ನು ನೋಡಿಯೇ ಮುಂಗಡ ಕೊಟ್ಟರು. ಮುಂದುಗಡೆ ತಮ್ಮ ಹೆಸರಿನ ಬೋರ್ಡು ಹಾಕಿಸಿ, ಕೆಳಗೆ ‘ಮತ್ತು ಅಸೋಸಿಯೇಟ್ಸ್’ ಎಂದು ಬರೆಸಿದರು. ಅಸೋಸಿಯೇಟ್ ಎಂದು ಒಂದು ನರಪಿಳ್ಳೆಯೂ ಇರಲಿಲ್ಲ. ಮುಂದೆ ನಾನು ಸೇರಿದ ಮೇಲೆ ಆ ಬಹುವಚನದ ಭಾರವೆಲ್ಲ ನನ್ನೊಬ್ಬಳ ಮೇಲೇ ಬಿತ್ತು.

ಹಿತ್ತಲ ಬಾಗಿಲಿನ ಬೀಗದ ಕೈ ಮುಂಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು. ಕೋರ್ಟಿಗೆ ಬಂದ ಯಾವ ಹೆಂಗಸಾದರೂ ತೆಗೆದುಕೊಂಡು ಹೋಗಬಹುದು. ಯಾರ ಪಾರ್ಟಿ, ಯಾರ ಸಾಕ್ಷಿ, ಕೇಳುವಂತಿಲ್ಲ. ತೊಂಡೇಬಾವಿಯಲ್ಲಿ ರೈಲು ಹತ್ತಿ ಬಂದವರೋ, ಅಂಬಾಜಿದುರ್ಗದ ಕಡೆಯಿಂದ ಬಸ್ಸಿನಲ್ಲಿ ಬಂದವರೋ (ಇದೂ ಹೇಳುವುದಿಲ್ಲ), ಅಂತೂ ಬೆಳಿಗ್ಗೆಯಿಂದ ಜನ. ಸೆರಗು ಹೊದ್ದು ಮುಖ ಬಿಗಿದುಕೊಂಡು ಒಳಗೆ ಹೋದವರು ಹೊರಗೆ ಬರುವಾಗ ಬೇರೆಯೇ ಹೆಂಗಸರಾಗಿ ಬರುತ್ತಿದ್ದರು. ಬೆಂಚಿನ ಮೇಲೆ ಕೂರುವರು, ಹೂಜಿಯ ನೀರು ಕುಡಿಯುವರು, ಎಲೆ ಅಡಿಕೆ ಹಾಕುವರು.

“ಹೋಗಿ ಬಂದೋರ್ನ ಕೇಸು ಏನು ಅಂತ ಕೇಳಬಾರದು ಕಣೇ,” ಎಂದು ಲಾಯರಮ್ಮ ನನಗೆ ಮೊದಲ ದಿನವೇ ಹೇಳಿದ್ದರು. “ಅದು ಅವರ ಮಾನ ತೆಗೆದ ಹಾಗೆ.”

ನಾವು ಕೇಳುತ್ತಿರಲಿಲ್ಲ. ಆದರೆ ಅವರು ಬಿಡಬೇಕಲ್ಲ! ಗಂಡ ಬಿಟ್ಟದ್ದು, ಮೈದುನ ಹೊಲ ಒತ್ತಿದ್ದು, ತಮ್ಮ ವಕೀಲರು ಮುಖ ಎತ್ತಿಯೂ ನೋಡದೆ ಮುಂದಿನ ವಾಯಿದೆಗೆ ಬಾ ಅನ್ನುವುದು... ಎರಡು ಮೂರು ವಾಯಿದೆ ಕಳೆದ ಮೇಲೆ, “ಲಾಯರಮ್ಮ, ನೀವೇ ನೋಡ್ಕೊಳ್ಳಿ” ಅನ್ನುವರು. ಒಬ್ಬ ವಕೀಲರ ಕೈಯಲ್ಲಿರುವ ಕೇಸನ್ನು ಇನ್ನೊಬ್ಬರು ಹಿಡಿಯಬೇಕಾದರೆ ಮೊದಲಿನವರು ಅಭ್ಯಂತರವಿಲ್ಲವೆಂದು ಸಹಿ ಮಾಡಿಕೊಡಬೇಕು. ಮೊದಲಿನವರು ಸಾಮಾನ್ಯವಾಗಿ ಸೀನಿಯರ್. ಅವರ ಆಫೀಸಿಗೆ ಆ ಕಾಗದ ಹಿಡಿದು ಹೋಗಬೇಕಾದವಳು ಬಡಪಾಯಿ ಬಹುವಚನ. ಅವರು ಸಹಿ ಹಾಕಿ ಫೈಲನ್ನು ನನ್ನ ಕಡೆ ಎಸೆಯುತ್ತಿದ್ದರು. ನಾನು ಬೆವೆತು ವಾಪಸು ಬಂದರೆ ಲಾಯರಮ್ಮ ಕನ್ನಡಕದ ಮೇಲಿಂದ ನೋಡಿ ಕೇಳುತ್ತಿದ್ದ ಮೊದಲ ಮಾತು, “ಇವತ್ತು ಎಷ್ಟು ದೂರಕ್ಕೆ ಎಸೆದ್ರು?” ಬಾಗಿಲವರೆಗೂ ಬಂತು ಎಂದರೆ ಆವತ್ತು ನನಗೆ ಒಂದು ಖಾರಾಬನ್ನು.

ಹೀಗಿರುವಾಗ ಆ ನೋಟೀಸು ಬಂತು. ವಕೀಲರು ತಮ್ಮ ಬಗ್ಗೆ ಜಾಹೀರಾತು ಕೊಡುವಂತಿಲ್ಲ, ಕಕ್ಷಿದಾರರನ್ನು ಕೈ ಬೀಸಿ ಕರೆಯುವಂತಿಲ್ಲ. ಅದು ನಮ್ಮ ವೃತ್ತಿಯ ಕಟ್ಟಳೆ. ಬೆಂಗಳೂರಿನ ವಕೀಲರ ಪರಿಷತ್ತಿಗೆ ಸೀನಿಯರ್ ದೂರು ಬರೆದಿದ್ದರು: ಸದರಿ ಮಹಿಳಾ ವಕೀಲರು ಶೌಚಾಲಯ ಸೌಕರ್ಯದ ಆಮಿಷವೊಡ್ಡಿ ಇತರ ವಕೀಲರ ಕಕ್ಷಿದಾರರನ್ನು ಸೆಳೆಯುತ್ತಿದ್ದಾರೆ, ಅವರ ಸನದು ರದ್ದುಪಡಿಸಬೇಕು.

ನಾನು ಎರಡು ಸಲ ಓದಿದೆ. ಸನದು ಎಂದರೆ ವಕೀಲಿ ಮಾಡಲು ಇರುವ ಅನುಮತಿ. ಅದು ಹೋದರೆ ಬೋರ್ಡೂ ಇಲ್ಲ, ಆಫೀಸೂ ಇಲ್ಲ. ಲಾಯರಮ್ಮ ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. ನೋಟೀಸನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. “ಮದುವೆ ಬೇಡ ಅಂದು ಓದ್ದೋಳು ನಾನು,” ಅಂದರು. “ಇದೊಂದು ಬಿಟ್ರೆ ನನ್ನ ಹತ್ರ ಇನ್ನೇನೂ ಇಲ್ಲ ಕಣೇ.”

ಮರುದಿನ ನಾನು ಹೋಗುವಷ್ಟರಲ್ಲಿ ಮೊಳೆ ಖಾಲಿ ಇತ್ತು. ಹಿತ್ತಲ ಬಾಗಿಲಿಗೆ ದೊಡ್ಡ ಬೀಗ. ಮುಂದುಗಡೆ ರಟ್ಟಿನ ಮೇಲೆ ಬರೆದಿತ್ತು: ‘ಸೀನಿಯರ್ ವಕೀಲರ ದೂರಿನ ವಿಚಾರಣೆ ಮುಗಿಯುವವರೆಗೆ ಬೀಗದ ಕೈ ಕೊಡಲಾಗುವುದಿಲ್ಲ.’

“ಮೇಡಂ, ಆ ಹೆಂಗಸರು ಎಲ್ಲಿಗೆ ಹೋಗ್ಬೇಕು?” ಅಂದೆ.

“ನಾನು ಹೇಳ್ತೀನಿ ಬಾ.” ಕೋಟು ಹಾಕಿಕೊಂಡು, ಕೊರಳಿಗೆ ವಕೀಲರ ಬಿಳಿ ಬ್ಯಾಂಡು ಕಟ್ಟಿಕೊಂಡು ಗೇಟಿಗೆ ಬಂದು ನಿಂತರು. ಮೊದಲು ಬಂದವಳು ಆಂಧ್ರದ ಗಡಿಯ ಹಳ್ಳಿಯ ಒಬ್ಬ ಅಜ್ಜಿ. ಬೀಗ ನೋಡಿ, “ಅಯ್ಯೋ, ಇಪ್ಪುಡೆಟ್ಲಮ್ಮಾ?” ಎಂದು ಅಲ್ಲೇ ಮುದುಡಿ ನಿಂತಳು. ಈಗ ಹೇಗಮ್ಮ ಎನ್ನುವ ಆ ಪ್ರಶ್ನೆಗೆ ಲಾಯರಮ್ಮ ಕೋರ್ಟು ರಸ್ತೆಯ ಆ ಬದಿಗೆ ಕೈ ತೋರಿಸಿದರು. “ಅದೋ ಆ ಹಸಿರು ಗೇಟು ಕಾಣ್ತದಲ್ಲ ಅಜ್ಜಿ, ಸೀನಿಯರ್ ಲಾಯರ ಮನೆ. ತುಂಬಾ ದೊಡ್ಡೋರು. ಧಾರಾಳವಾಗಿ ಹೋಗಿ.” ಆಮೇಲೆ ನನಗೆ, “ನೀನು ಜೊತೇಲಿ ಹೋಗಿ ಬಿಟ್ಟು ಬಾ.”

ಅಜ್ಜಿಯನ್ನು ಕರೆದುಕೊಂಡು ಹೋಗಿ ಹಸಿರು ಗೇಟು ತಳ್ಳಿದೆ. ಬಾಗಿಲು ತೆಗೆದದ್ದು ಸೀನಿಯರ್ ಹೆಂಡತಿ. ಒಗ್ಗರಣೆಯ ಸೌಟು ಕೈಯಲ್ಲೇ ಇತ್ತು. ನಾನು ತೊದಲುತ್ತಾ ವಿಷಯ ಹೇಳಿದೆ. ಆಯಮ್ಮ ಅಜ್ಜಿಯ ಮುಖ ನೋಡಿದರು. “ಕೋರ್ಟಲ್ಲಿ ಇಲ್ವಾ?” ಅಂದರು. ಇಲ್ಲ ಅಂದೆ. “ಬನ್ನಿ ಒಳಗೆ,” ಅಂದರು. ಅಷ್ಟೇ.

ಆವತ್ತು ಕೋರ್ಟಿನಲ್ಲಿ ಕೇಸುಗಳು ಜಾಸ್ತಿ ಇದ್ದವು. ಮಧ್ಯಾಹ್ನದ ಹೊತ್ತಿಗೆ ಹಸಿರು ಗೇಟಿನಿಂದ ಹಿತ್ತಲವರೆಗೆ ಹೆಂಗಸರ ಸಾಲು. ಮನೆಯಾಕೆ ಮಜ್ಜಿಗೆ ಬೇರೆ ಹಂಚುತ್ತಿದ್ದರು. ಬಿಟ್ಟು ಬರಲು ಹೋಗಿದ್ದ ನಾನು, ನಡೆಯುತ್ತಿರುವುದನ್ನು ಬಿಟ್ಟು ಬರಲಾಗದೆ, ತಂತಿಯ ಮೇಲೆ ಒಣಗಹಾಕಿದ್ದ ಸೀನಿಯರದ್ದೇ ಪಂಚೆಯ ಮರೆಯಲ್ಲಿ ನಿಂತಿದ್ದೆ. ಆಗ ಅವರು ಊಟಕ್ಕೆ ಬಂದರು.

ಸಕ್ಕರೆ ಕಾಯಿಲೆಯ ಮನುಷ್ಯ. ಬಂದವರೇ ಸೀದಾ ಹಿತ್ತಲಿಗೆ ನಡೆದರು. ಸಾಲು ನೋಡಿ ಗಕ್ಕನೆ ನಿಂತರು. “ಏನೇ ಇದು?”

“ಕೋರ್ಟಲ್ಲಿ ಇಲ್ವಂತಲ್ಲ,” ಹೆಂಡತಿ ಮಜ್ಜಿಗೆ ಬಗ್ಗಿಸುತ್ತಲೇ ಅಂದರು. “ಇಷ್ಟು ವರ್ಷ ಹೋಗ್ತಿದೀರ. ಒಂದ್ ದಿನಾನೂ ಹೇಳ್ಲಿಲ್ಲ.”

ಅವರಿಗೆ ಉತ್ತರ ಕೊಡುವಷ್ಟು ಪುರುಸೊತ್ತಿರಲಿಲ್ಲ. ಸಾಲು ದಾಟಿ ಮುಂದೆ ಹೋಗಲು ನೋಡಿದರು. ಎರಡನೇ ಸಲ ಬಂದು ನಿಂತಿದ್ದ ಅದೇ ಅಜ್ಜಿಗೆ ಇವರು ಯಾರೆಂದು ಗೊತ್ತಿಲ್ಲ. ಕೈ ಅಡ್ಡ ಹಿಡಿದು, ಮೊಮ್ಮಗನಿಗೆ ಹೇಳುವಷ್ಟು ಪ್ರೀತಿಯಿಂದ, “ಲೈನ್ಲೋ ರಾ ನಾಯನಾ”, ಸಾಲಿನಲ್ಲಿ ಬಾರಪ್ಪ, ಅಂದಳು. ಸೀನಿಯರ್ ತಮ್ಮ ಮನೆಯ ಹಿತ್ತಲಲ್ಲಿ, ತಮ್ಮ ಕೋಟು ತೊಟ್ಟುಕೊಂಡು, ಸಾಲಿನ ಕೊನೆಯಲ್ಲಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ ನಿಂತರು. ದೇವರ ಪಟದ ಮುಂದೆ ಕಣ್ಣು ಮುಚ್ಚಿದಾಗ ನನಗೆ ಈಗಲೂ ಕಾಣುವುದು ಆ ದೃಶ್ಯವೇ.

ಆ ಮಧ್ಯಾಹ್ನ ಅವರದ್ದೂ ಒಂದು ಕೇಸು ವಜಾ ಆಯಿತು ಎಂದು ಬರೆಯಲು ನನ್ನ ಕೈ ತುರಿಸುತ್ತಿದೆ. ಆಗಲಿಲ್ಲ. ಅವರು ಬರುವವರೆಗೂ ನ್ಯಾಯಾಧೀಶರು ಕಾದರು. ಗಂಡಸರಿಗೆ ಕಾಯುತ್ತಾರೆ.

ಸಂಜೆ ಲಾಯರಮ್ಮ ವಕೀಲರ ಕೊಠಡಿಗೆ ಹೋದರು. ನಾನು ಬಾಗಿಲ ಬಳಿ, ಓಡಿಹೋಗಲು ಅನುಕೂಲವಾಗುವ ಹಾಗೆ ನಿಂತಿದ್ದೆ. “ಸರ್, ಇವತ್ತು ನಿಮ್ಮನೇಲಿ ಆಮಿಷ ಬಹಳ ಜೋರಾಗಿತ್ತಂತೆ,” ಅಂದರು. “ಮಜ್ಜಿಗೆ ಬೇರೆ ಇತ್ತಂತೆ. ನಾನು ಮಜ್ಜಿಗೆ ಕೊಟ್ಟಿರ್ಲಿಲ್ಲಪ್ಪ. ನಾನೂ ಒಂದು ದೂರು ಕಳಿಸ್ಲಾ? ಒಕ್ಕಣೆ ನಿಮ್ದೇ ಇದೆ, ಹೆಸರು ಬದಲಾಯಿಸಿದ್ರೆ ಆಯ್ತು.” ಯಾರೂ ನಗಲಿಲ್ಲ. ಮೂಲೆಯಲ್ಲಿ ಒಬ್ಬ ಮಾತ್ರ ಕಿಸಕ್ಕನೆ ನಕ್ಕ. ಅಷ್ಟೂ ಜನರಲ್ಲಿ ಲಾಯರಮ್ಮ ಮುಂದೆ ಕ್ಷಮಿಸಿದ್ದು ಅವನೊಬ್ಬನನ್ನೇ.

ಕೆಲವೇ ದಿನಗಳಲ್ಲಿ ದೂರು ವಾಪಸಾಯಿತು. ಬೀಗದ ಕೈ ಮತ್ತೆ ಮೊಳೆಗೆ ಬಂತು. “ಇನ್ನು ಸಾಕಲ್ವಾ ಮೇಡಂ?” ಎಂದೆ. ನನಗೆ ರಾಜಿ ಎಂದರೆ ಪ್ರಾಣ. “ಯಾಕೆ ಸಾಕು?” ಅಂದರು. “ನಾನು ಮರೆತ್ರೆ ಅವರು ಮಾಡಿದ್ದು ಬರೀ ತಮಾಷೆ ಆಗ್ಬಿಡತ್ತೆ.” ಮರೆಯಲಿಲ್ಲ. ಸೀನಿಯರಿಗೆ ಸನ್ಮಾನ ಮಾಡಿದ ದಿನ ಕೋರ್ಟು ರಸ್ತೆಯಲ್ಲಿ ಶಾಮಿಯಾನ ಹಾಕಿದ್ದರೆ, ಇವರು ಒಳಗೆ ಕೂತು ಅವರ ಎದುರಿನ ಕೇಸಿಗೆ ಪಾಟೀಸವಾಲಿನ ಪ್ರಶ್ನೆ ಬರೆಯುತ್ತಿದ್ದರು. ಅವರ ಆ ಹಟದಿಂದ ನನಗೆ ಕ್ಯಾಂಟೀನಿನಲ್ಲಿ ಜೊತೆಗೆ ಕೂರುವವರಿರಲಿಲ್ಲ. ಗೊಣಗಿದರೆ, “ನನ್ನ ಬೋರ್ಡಿನ ಕೆಳಗೆ ಮುದುಕಿಯಾಗ್ಬೇಡ, ನಿಂದೇ ಒಂದು ಹಾಕ್ಕೋ ಹೋಗು” ಎಂದು ಪಕ್ಕದ ತಾಲ್ಲೂಕಿಗೆ ನನ್ನನ್ನು ದಬ್ಬಿದರು. ಹೆದರಿಕೊಂಡೇ ಹಾಕಿದೆ. ಇವತ್ತಿಗೂ ಹೆದರಿಕೊಂಡೇ ನಡೆಸುತ್ತಿದ್ದೇನೆ.

ತೊಂಬತ್ತರ ದಶಕ ಮುಗಿಯುವ ಮುಂಚೆ ಲಾಯರಮ್ಮ ಹೋದರು. ಮೂತ್ರಪಿಂಡ ಕೆಟ್ಟಿತ್ತು. ವರ್ಷಗಟ್ಟಲೆ ನೀರು ಕುಡಿಯದೆ, ತಡೆದುಕೊಂಡು ಕೂತದ್ದರಿಂದಲೇನಾ ಎಂದು ಡಾಕ್ಟರನ್ನು ಕೇಳಿದೆ. “ಹಾಗೆ ಹೇಳೋಕೆ ಬರಲ್ಲಮ್ಮ” ಅಂದರು. ನಾನು ಡಾಕ್ಟರಲ್ಲ, ಹೇಳುತ್ತೇನೆ: ಅದರಿಂದಲೇ. ಆ ಹಂಚಿನ ಮನೆ ಈಗ ಇಲ್ಲ. ಬೋರ್ಡನ್ನು ಯಾರು ತೆಗೆದರೋ, ನಾನು ಹೋಗಿ ಕೇಳುವಷ್ಟರಲ್ಲಿ...

ಮೊನ್ನೆ ಅದೇ ಕೋರ್ಟಿನಲ್ಲಿ ಮಹಿಳೆಯರಿಗಾಗಿ ಒಂದು ಕೊಠಡಿ ಉದ್ಘಾಟನೆಯಾಯಿತು. ಒಳಗೆ ಟೈಲ್ಸು ಹಾಕಿದ ಎರಡು ಶೌಚಾಲಯ, ನಲ್ಲಿಯಲ್ಲಿ ನೀರು. ಹಳಬಳೆಂದು ನನ್ನನ್ನೂ ಕರೆದಿದ್ದರು. ಬಾಗಿಲ ಪಕ್ಕ ಕರಿ ಕಲ್ಲು, ಅದರ ಮೇಲೆ ಎಂದೋ ತೀರಿಕೊಂಡ ಸೀನಿಯರ್ ಹೆಸರು, ಕೆಳಗೆ ಚಿನ್ನದ ಬಣ್ಣದಲ್ಲಿ: ‘ಮಹಿಳಾ ಕಕ್ಷಿದಾರರಿಗಾಗಿ ತಮ್ಮ ಮನೆಯ ಬಾಗಿಲನ್ನೇ ತೆರೆದ ಹಿರಿಯ ಚೇತನದ ನೆನಪಿಗೆ.’

ಓದಿದೆ. ಮತ್ತೆ ಓದಿದೆ. ತಮಾಷೆಯೆಂದರೆ ಅದರಲ್ಲಿ ಒಂದಕ್ಷರವೂ ಸುಳ್ಳೆಂದು ನಾನು ಕೋರ್ಟಿನಲ್ಲಿ ಸಾಬೀತು ಮಾಡಲಾರೆ. ಬಾಗಿಲು ತೆರೆದದ್ದು ನಿಜ. ತೆರೆದ ಕೈಯಲ್ಲಿ ಸೌಟಿತ್ತು ಎನ್ನುವುದಕ್ಕೆ ಉಳಿದ ಸಾಕ್ಷಿ ನಾನೊಬ್ಬಳೇ. ವೇದಿಕೆಯ ಮೇಲೆ ಕರೆದು ಎರಡು ಮಾತಾಡಿ ಎಂದರು. ಶುಭಾಶಯ ಹೇಳಿ ಇಳಿದು ಬಂದೆ, ಅದಕ್ಕೇ ಇದನ್ನು ಬರೆದೆ. ಸೀನಿಯರ್ ಮನೆಯವರು ಮಾನ ಹೋಯಿತೆಂದು ಕೇಸು ಹಾಕಿದರೆ ಹಾಕಲಿ.

ಆದರೆ ಬರೆಯುವುದು ಒಂದು ಸೇಡೇ? ಆ ಕಲ್ಲಿಗೆ ಏನು ಮಾಡಬೇಕೆಂದು ಯೋಚಿಸುತ್ತಲೇ ಇದ್ದೇನೆ. ಎಷ್ಟು ಯೋಚಿಸಿದರೂ ನನಗೇನೂ ಹೊಳೆಯುತ್ತಿಲ್ಲ. ಲಾಯರಮ್ಮ ಇದ್ದಿದ್ದರೆ, ಓದಿ ಮುಗಿಸುವಷ್ಟರಲ್ಲೇ ಅವರಿಗೆ ಹೊಳೆದುಬಿಟ್ಟಿರುತ್ತಿತ್ತು.