ಕಿಟ್ಟನ ವಿಳಾಸವಿದ್ದ ಪೆಟ್ಟಿಗೆ

ಗೋವರ್ಧನ ಮಾವನ ಬಗ್ಗೆ ಯಡ್ತರೆಯಲ್ಲಿ ಯಾರನ್ನು ಕೇಳಿದರೂ ಎರಡು ಮಾತು ಹೇಳುತ್ತಾರೆ. ಒಂದು, ಗುಜರಿ ಕಂಪ್ಯೂಟರುಗಳ ರಾಶಿ ಹಾಕಿಕೊಂಡು ಕೂತ ಅರೆಹುಚ್ಚ. ಇನ್ನೊಂದು, ಮೀನು ಮಾರುವ ಅಮ್ಮಣ್ಣಿಗೆ ಹದಿನಾರು ವರ್ಷ ಸುಳ್ಳು ಹೇಳಿ ಆಸೆ ಹುಟ್ಟಿಸಿದ ಮನುಷ್ಯ. ಮೊದಲನೆಯದು ಅರ್ಧ ನಿಜ. ಎರಡನೆಯದು ಶುದ್ಧ ಸುಳ್ಳು, ಮತ್ತು ಅದು ಸುಳ್ಳೆಂದು ಗೊತ್ತಿದ್ದವರು ಇಬ್ಬರೇ. ಒಬ್ಬ ಮಾವ, ಇನ್ನೊಬ್ಬ ನಾನು. ಮಾವ ಬಾಯಿ ಬಿಡುವವನಲ್ಲ. ನನಗೆ ಬಾಯಿ ಮುಚ್ಚಿಕೊಂಡಿರುವುದರಲ್ಲಿ ಅನುಕೂಲವಿತ್ತು. ಅಮ್ಮಣ್ಣಿ ತೀರಿಕೊಂಡು ಇವತ್ತಿಗೆ ಇಪ್ಪತ್ತು ದಿನ. ಇನ್ನು ಬರೆಯಬಹುದು ಎಂದುಕೊಂಡು ಕೂತಿದ್ದೇನೆ.

ಮಾವ ನನ್ನ ಅಮ್ಮ ಜಲಜಳ ತಮ್ಮ. ಹದಿಮೂರನೇ ವಯಸ್ಸಿಗೆ ಬೊಂಬಾಯಿಗೆ ಹೋಗಿ ನಮ್ಮವರದೇ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸಿದ. ನಮ್ಮ ಕಡೆಯ ಹೋಟೆಲ್ ಹುಡುಗರಿಗೆಂದೇ ಅಲ್ಲಿ ಒಂದು ರಾತ್ರಿಶಾಲೆ ಇತ್ತು. ಅದರಲ್ಲಿ ಓದಿ ಮೆಟ್ರಿಕ್ ಮುಗಿಸಿದ. ಹೋಟೆಲಿಗೆ ದಿನಾ ಚಹಾಕ್ಕೆ ಬರುತ್ತಿದ್ದ ರೇಡಿಯೋ ರಿಪೇರಿಯವನ ಹಿಂದೆ ಬಿದ್ದು ಬೆಸುಗೆ ಹಾಕುವುದನ್ನು ಕಲಿತ. ತೊಂಬತ್ತೊಂದರಲ್ಲಿ ಯಾರೋ ಪುಣ್ಯಾತ್ಮರು ರಾತ್ರಿಶಾಲೆಗೆ ಒಂದು ಕಂಪ್ಯೂಟರ್ ದಾನ ಕೊಟ್ಟರು. ಹಸಿರು ಅಕ್ಷರದ ಪರದೆ, ಇಟ್ಟಿಗೆಯಷ್ಟು ಭಾರದ ಹಾರ್ಡ್ ಡಿಸ್ಕ್. ಮುಟ್ಟಲು ಮೇಷ್ಟರುಗಳಿಗೆ ಹೆದರಿಕೆ. ಮಾವ ಮುಟ್ಟಿದ. ಶಾಲೆಯ ಮುನ್ನೂರು ಚಿಲ್ಲರೆ ಹುಡುಗರ ಹೆಸರು, ಊರು, ಕೆಲಸ ಮಾಡುವ ಹೋಟೆಲು, ಮಲಗುವ ಜಾಗ, ಇಷ್ಟನ್ನೂ ಅವನೇ ಟೈಪ್ ಮಾಡಿ ಅದರೊಳಗೆ ಹಾಕಿದ. ಹುಡುಗರು ಹೋಟೆಲು ಬದಲಿಸುತ್ತಲೇ ಇರುತ್ತಿದ್ದರು, ಹಾಗಾಗಿ ಪ್ರತಿ ಜೂನ್ ತಿಂಗಳಲ್ಲಿ ಎಲ್ಲರ ವಿಳಾಸವನ್ನೂ ತಿದ್ದುತ್ತಿದ್ದ.

ಆ ಹುಡುಗರಲ್ಲಿ ಒಬ್ಬ ಅಮ್ಮಣ್ಣಿಯ ತಮ್ಮ ಕಿಟ್ಟ. ಹದಿನೈದು ವರ್ಷಕ್ಕೆ ಊರು ಬಿಟ್ಟವನು. ಮೂರು ವರ್ಷ ತಪ್ಪದೆ ಅಕ್ಕನಿಗೆ ಕಾಗದ ಬರೆದ. ಕೊನೆಯ ಕಾಗದದಲ್ಲಿ, ಹೊಸ ಹೋಟೆಲಿಗೆ ಸೇರಿದ್ದೇನೆ, ವಿಳಾಸ ಮುಂದಿನ ಕಾಗದದಲ್ಲಿ ತಿಳಿಸುತ್ತೇನೆ ಎಂದಿದ್ದ. ಮುಂದಿನ ಕಾಗದ ಬರಲಿಲ್ಲ. ಅಮ್ಮಣ್ಣಿಯ ಕಡೆಯವರು ಎರಡು ಸಲ ಬೊಂಬಾಯಿಗೆ ಹೋಗಿ, ಹಳೆಯ ಹೋಟೆಲಿನ ಬಾಗಿಲಲ್ಲಿ ನಿಂತು, ಗೊತ್ತಿಲ್ಲ ಅನ್ನಿಸಿಕೊಂಡು ಬಂದರು. ರಾತ್ರಿಶಾಲೆಯಲ್ಲಿ ವಿಚಾರಿಸಬೇಕೆಂದು ಅವರಿಗೆ ಹೊಳೆಯಲಿಲ್ಲ.

ರಾತ್ರಿಶಾಲೆಯೂ ಮುಚ್ಚಿತು. ಅದರ ಕಾಗದಪತ್ರಗಳೆಲ್ಲ ಒಂದು ಮಹಾಮಳೆಗೆ ಕೊಳೆತು ಹೋದವು. ಉಳಿದದ್ದು ಆ ಕಂಪ್ಯೂಟರ್ ಒಂದೇ, ಅದೂ ಕೆಟ್ಟು ಮೂಲೆ ಸೇರಿದ್ದು. ಮಾವ ಅದನ್ನು ರಜಾಯಿಯಲ್ಲಿ ಸುತ್ತಿ ರೈಲಿನಲ್ಲಿ ಬೈಂದೂರಿಗೆ, ಅಲ್ಲಿಂದ ಯಡ್ತರೆಗೆ ತಂದ. ಅದು ಎರಡು ಸಾವಿರದ ಏಳನೇ ಇಸವಿ. ಮದುವೆಯಾಗದ ಗಂಡಸು, ಅಕ್ಕನ ಮನೆಗೆ ಬಂದು ಹಿಂದಿನ ಭತ್ತದ ಕೋಣೆಯಲ್ಲಿ ಉಳಿದ.

ಬಂದ ವಾರದಲ್ಲೇ ಮೀನು ತಂದ ಅಮ್ಮಣ್ಣಿಯ ಹತ್ತಿರ, ನಿಮ್ಮ ಕಿಟ್ಟನ ಹೊಸ ವಿಳಾಸವನ್ನು ನಾನೇ ಟೈಪ್ ಮಾಡಿದ್ದು ನೆನಪಿದೆ, ಆದರೆ ವಿಳಾಸ ಏನೆಂದು ನೆನಪಿಲ್ಲ, ಅದು ಈ ಪೆಟ್ಟಿಗೆಯೊಳಗಿದೆ ಎಂದುಬಿಟ್ಟ. ಹೇಳದೆ ಇದ್ದಿದ್ದರೆ ಅವನ ಗಂಟೇನೂ ಹೋಗುತ್ತಿರಲಿಲ್ಲ. ಅಮ್ಮಣ್ಣಿ ಬುಟ್ಟಿ ಅಂಗಳದಲ್ಲೇ ಬಿಟ್ಟು ಒಳಗೆ ಬಂದು ಪೆಟ್ಟಿಗೆಯ ಮುಂದೆ ಕೂತಳು. ಆಮೇಲೆ ವಾರಕ್ಕೆ ಎರಡು ಸಲವಾದರೂ ನಮ್ಮ ಅಂಗಳದಲ್ಲಿ ಅವಳ ದನಿ ಕೇಳುವುದು ರೂಢಿಯಾಯಿತು.

"ಹ್ವಾಯ್ ಶೆಟ್ರೆ, ಪೆಟ್ಟಿ ಬಾಯ್ ಬಿಟ್ತಾ?"

ಮೂವತ್ತು ವರ್ಷ ಹಳೆಯ ವಿಳಾಸ ತೆಗೆದುಕೊಂಡು ಈಕೆ ಮಾಡುವುದಾದರೂ ಏನು ಎಂದು ನಾನೊಮ್ಮೆ ನಕ್ಕಿದ್ದೆ. ಅವಳು ನಗಲಿಲ್ಲ. "ಅವ ಬದ್ಕಿದ್ನೋ ಇಲ್ಯೋ ಪೆಟ್ಟಿ ಹೇಳುದ್ ಬೇಡ ಮಗಾ. ಯಾವ ಬಾಗ್ಲ್ ತಟ್ಕ್ ಅಂತ ಹೇಳ್ರೆ ಸಾಕ್," ಎಂದಳು.

ಕಷ್ಟ ಏನೆಂದರೆ, ಆ ಕಾಲದ ಹಾರ್ಡ್ ಡಿಸ್ಕು ಯಾವ ಜಾತಿಯ ಕಾರ್ಡಿನ ಜೊತೆ ಬರೆಸಿಕೊಂಡಿತ್ತೋ ಅದೇ ಜಾತಿಯ ಕಾರ್ಡು ಇದ್ದರೆ ಮಾತ್ರ ಓದಿಸಿಕೊಳ್ಳುತ್ತದೆ. ಕಂಪ್ಯೂಟರಿನೊಳಗೆ ಡಿಸ್ಕನ್ನು ನಡೆಸುವ ಆ ಕಾರ್ಡು ಸುಟ್ಟು ಹೋಗಿತ್ತು. ಅದನ್ನು ಹುಡುಕುತ್ತಾ ಹೊರಟ ಮಾವನಿಗೆ ಈ ಹುಚ್ಚು ಹತ್ತಿತು. ಕುಂದಾಪುರದಲ್ಲಿ ಮುಚ್ಚಿದ ಟೈಪಿಂಗ್ ಕ್ಲಾಸುಗಳು, ಯಾವುದೋ ಸೊಸೈಟಿಯ ಅಟ್ಟ, ಬ್ರಹ್ಮಾವರದ ಶೈಲೇಶನ ಗುಜರಿ ಅಂಗಡಿ, ಎಲ್ಲಿ ಹಳೆಯ ಕಂಪ್ಯೂಟರ್ ಇದೆ ಎಂದರೂ ಬಸ್ಸು ಹತ್ತುತ್ತಿದ್ದ. ಕಾರ್ಡು ಸಿಗದಿದ್ದರೂ ಸಿಕ್ಕಿದ್ದನ್ನು ಬಿಟ್ಟು ಬರಲು ಮನಸ್ಸಾಗುತ್ತಿರಲಿಲ್ಲ. ಮನೆಗೆ ತಂದು ಬಿಚ್ಚುವುದು, ಬ್ಯಾಟರಿ ಸೋರಿ ಹಸಿರು ಹಿಡಿದ ಜಾಗವನ್ನು ವಿನೆಗರಿನಲ್ಲಿ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುವುದು, ತುಂಡಾದ ತಾಮ್ರದ ಗೆರೆಗೆ ಕೂದಲಿನಷ್ಟು ತೆಳು ತಂತಿಯ ಬೆಸುಗೆ ಹಾಕುವುದು. ಹಳದಿಗಟ್ಟಿದ ಕೀಬೋರ್ಡಿನ ಕೀಲಿಗಳಿಗೆ ಯಾವುದೋ ಔಷಧಿ ಹಚ್ಚಿ ಅಮ್ಮನ ಹಪ್ಪಳದ ಚಾಪೆಯ ಪಕ್ಕದಲ್ಲೇ ಬಿಸಿಲಿಗೆ ಹರಡುತ್ತಿದ್ದ. ಸಂಜೆ ಹೊತ್ತಿಗೆ ಅವು ಬೆಳ್ಳಗಾದರೆ ಅವನ ಮುಖ ನೋಡಬೇಕಿತ್ತು. ಹದಿನೈದು ವರ್ಷದಲ್ಲಿ ಇಪ್ಪತ್ತೆರಡು ಯಂತ್ರಗಳಾದವು, ಅವುಗಳಲ್ಲಿ ಹದಿನೇಳು ಜೀವ ಪಡೆದವು. ಊರಿನವರು ನಕ್ಕರು. ನಾನೂ ಅವರ ಜೊತೆ ಸೇರಿ ನಕ್ಕೆ, ನನ್ನ ಟೈಲ್ಸ್ ಅಂಗಡಿಗೆ ಬರುವ ಗಿರಾಕಿಗಳ ಮುಂದೆ ಅವನನ್ನು ಆಡಿಕೊಂಡೆ.

ನಮ್ಮ ಸಮುದ್ರದ ಗಾಳಿಗೆ ಕಬ್ಬಿಣ, ತಾಮ್ರ ಯಾವುದೂ ಉಳಿಯುವುದಿಲ್ಲ. ಯಂತ್ರಗಳೇನೋ ಹಾಳಾದರೆ ಮತ್ತೆ ತಿಕ್ಕಬಹುದು, ಆದರೆ ಕಿಟ್ಟನ ಡಿಸ್ಕು ಒಂದೇ ಇರುವುದು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರೆ ಒಳಗೇ ಬೆವರುತ್ತದೆ. ಆಗ ಮಾವನಿಗೆ ಅಕ್ಕಿಮುಡಿಯ ನೆನಪಾಯಿತು. ಹಿಂದೆ ಬೈಹುಲ್ಲಿನಲ್ಲಿ ಗುಂಡಗೆ ಬಿಗಿದು ಕಟ್ಟಿದ ಮುಡಿಯೊಳಗೆ ಅಕ್ಕಿ ನಾಲ್ಕು ಮಳೆಗಾಲ ದಾಟಿದರೂ ಮುಗ್ಗುಲು ಹಿಡಿಯುತ್ತಿರಲಿಲ್ಲ. ಈಗ ಮುಡಿ ಕಟ್ಟಲು ಬರುವವನು ಊರಲ್ಲಿ ಒಬ್ಬನೇ, ಮುದುಕ ಚಂದಯ್ಯ. ಮಾವ ಡಿಸ್ಕನ್ನು ಹಳೆಯ ಪಂಚೆಯಲ್ಲಿ ಸುತ್ತಿ ಅಕ್ಕಿಯ ನಡುವೆ ಇಟ್ಟು ಚಂದಯ್ಯನಿಂದ ಮುಡಿ ಕಟ್ಟಿಸಿ, ಅಟ್ಟದಲ್ಲಿ ಒಲೆಯ ಹೊಗೆ ತಾಗುವ ಕಡೆ ಇಟ್ಟ. ಎರಡು ವರ್ಷಕ್ಕೊಮ್ಮೆ ಬಿಚ್ಚಿಸಿ ಹೊಸ ಅಕ್ಕಿ ಹಾಕಿಸುತ್ತಿದ್ದ. ಒಳಗೆ ಏನಿದೆ ಎಂದು ನಮಗೆ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ನಾನು ಆಡಿಕೊಳ್ಳುತ್ತೇನೆಂಬ ಹೆದರಿಕೆ. ಈ ಹೆದರಿಕೆಗೆ ಕಾರಣ ನಾನೇ, ಬೇರೆ ಯಾರೂ ಅಲ್ಲ.

ಎರಡು ಸಾವಿರದ ಇಪ್ಪತ್ತಮೂರರಲ್ಲಿ ಊರ ದೇವಸ್ಥಾನದ ಬ್ರಹ್ಮಕಲಶೋತ್ಸವ. ಊರವರು ಅಕ್ಕಿ, ತೆಂಗಿನಕಾಯಿ, ತರಕಾರಿಯನ್ನು ಮೆರವಣಿಗೆಯಲ್ಲಿ ಒಯ್ದು ಒಪ್ಪಿಸುವ ಹೊರೆಕಾಣಿಕೆಯ ಉಸ್ತುವಾರಿ ನನ್ನದು. ಪ್ಲಾಸ್ಟಿಕ್ ಚೀಲದ ಅಕ್ಕಿ ಬೇಕಾದಷ್ಟು ಬಂದಿತ್ತು. ಮೆರವಣಿಗೆಯ ಎದುರಿಗೆ ಹಿಂದಿನ ಕಾಲದ ಹಾಗೆ ಒಂದು ಮುಡಿ ಇದ್ದಿದ್ದರೆ ಫೋಟೋಕ್ಕೆ ಚಂದ ಕಾಣುತ್ತಿತ್ತು ಎಂದು ಅಧ್ಯಕ್ಷರು ಅಂದರು. ನನ್ನ ಮನೆಯಲ್ಲಿದೆ ಎಂದು ನಾನು ಎದೆಯುಬ್ಬಿಸಿ ಹೇಳಿದೆ. ಮಾವ ಬರಲಿ, ಅವನನ್ನೊಂದು ಮಾತು ಕೇಳು ಎಂದು ಅಮ್ಮ ತಡೆದಳು. ದೇವರಿಗೆ ಕೊಡುವ ಅಕ್ಕಿಗೆ ಯಾರನ್ನು ಕೇಳಬೇಕು ಎಂದು ಅವಳನ್ನೇ ಗದರಿ, ಅಟ್ಟದಿಂದ ಮುಡಿ ಇಳಿಸಿದೆ. ಶಾಲು ಹೊದ್ದು, ಮುಡಿಗೆ ಕೈ ಕೊಟ್ಟು ನಿಂತ ನನ್ನ ಫೋಟೋ ಈಗಲೂ ಅಂಗಡಿಯ ಗೋಡೆಯಲ್ಲಿದೆ.

ಮಾವ ಆ ದಿನ ಊರಲ್ಲಿರಲಿಲ್ಲ, ಬ್ರಹ್ಮಾವರಕ್ಕೆ ಹೋಗಿದ್ದ. ಹದಿನಾರು ವರ್ಷ ಹುಡುಕಿದ ಕಾರ್ಡು ಶೈಲೇಶನ ಗುಜರಿಯಲ್ಲಿ ಸಿಕ್ಕಿತ್ತು. ಸಂಜೆ ಏಳು ಗಂಟೆಗೆ ಅದನ್ನು ಕರವಸ್ತ್ರದಲ್ಲಿ ಸುತ್ತಿ ಹಿಡಿದುಕೊಂಡು ಮನೆಗೆ ಬಂದವನು ನೇರ ಅಟ್ಟ ಹತ್ತಿದ. ಇಳಿದು ಬಂದು ನನ್ನನ್ನು ಅಂಗಳದ ಆಚೆ ಕರೆದ.

"ರತನ, ಈಗ್ಲೇ ಹೋಪ. ಅದ್ರೊಳ್ಗೆ ಕಿಟ್ಟನ್ ಡಿಸ್ಕ್ ಇತ್ತ್."

ಆಗಲೇ ಹೊರಟಿದ್ದರೆ ಮುಡಿ ಉಗ್ರಾಣದಲ್ಲಿ ಇದ್ದ ಹಾಗೇ ಸಿಗುತ್ತಿತ್ತು. ಆದರೆ ಅಲ್ಲಿ ಅಧ್ಯಕ್ಷರು, ದೊಡ್ಡ ದೊಡ್ಡ ಅತಿಥಿಗಳು ಕೂತಿದ್ದರು. ಮಧ್ಯಾಹ್ನ ಶಾಲು ಹೊದ್ದು ಒಪ್ಪಿಸಿದ್ದನ್ನು ಸಂಜೆ ಹೋಗಿ ವಾಪಸು ಕೇಳುವುದು ನನ್ನಿಂದಾಗಲಿಲ್ಲ. ಉಗ್ರಾಣಕ್ಕೆ ಬೀಗ ಹಾಕಿರುತ್ತಾರೆ, ಬೆಳಿಗ್ಗೆ ನಾನೇ ತಂದುಕೊಡುತ್ತೇನೆ ಎಂದೆ. ಬೀಗದ ಮಾತು ಸುಳ್ಳು. ಮಾವ ಒಬ್ಬನೇ ಹೊರಟಾಗ, ಕಮಿಟಿಯಲ್ಲಿ ನನ್ನ ಮರ್ಯಾದೆ ತೆಗೆಯಬೇಡ ಎಂದು ಕೈ ಹಿಡಿದು ನಿಲ್ಲಿಸಿದೆ. ಅವನು ನಿಂತ. ಅಕ್ಕನ ಮನೆಯಲ್ಲಿ ಇರುವವನು, ನಿಲ್ಲದೆ ಏನು ಮಾಡಿಯಾನು?

ಬೆಳಿಗ್ಗೆ ಬೆಳಕು ಹರಿಯುವ ಹೊತ್ತಿಗೆ ನಾವಿಬ್ಬರೂ ಹೋದೆವು. ಊಟಕ್ಕೆ ಜನ ಹೆಚ್ಚಾಗಬಹುದೆಂದು ಅಡುಗೆಯವರು ಹಿಂದಿನ ರಾತ್ರಿಯೇ ಮುಡಿಯನ್ನೂ ಬಿಚ್ಚಿ ಕೊಪ್ಪರಿಗೆಯ ನೀರಿಗೆ ಸುರಿದಿದ್ದರಂತೆ. ಅಕ್ಕಿ ತೊಳೆಯುವ ಸೇವೆಗೆ ಬಂದ ಹೆಂಗಸರು ಬಾವಿಕಟ್ಟೆಯ ಹತ್ತಿರ ಇದ್ದರು. ಅವರ ನಡುವಿನಿಂದ ಅಮ್ಮಣ್ಣಿ ಎದ್ದು ಬಂದಳು. ಅವಳ ಕೈಯಲ್ಲಿ ಬಾಳೆಲೆ, ಬಾಳೆಲೆಯ ಮೇಲೆ ಡಿಸ್ಕು. ಅಷ್ಟು ಹೊಳೆಯುವುದನ್ನು ನಾನು ಯಾವತ್ತೂ ಕಂಡಿರಲಿಲ್ಲ.

"ಕಾಣಿ ಶೆಟ್ರೆ, ಅಕ್ಕಿಯೊಳ್ಗೆ ಎಂತ ಸಿಕ್ತ್ ಅಂತ. ಕಪ್ಪ್ ಹಿಡ್ದಿತ್ತ್, ಹುಳಿ ಹಾಕಿ ತಿಕ್ಕಿ ನಾಕ್ ನೀರಗೆ ತೊಳ್ದೆ. ದೇವ್ರಿಗೆ ಬಂದದ್ದ್ ಅಲ್ದಾ. ನಿಮ್ಗೆ ಇಂಥದ್ದ್ ಗೊತ್ತಾತ್ತಲೆ, ಇದ್ ಎಂತ?"

ಹದಿನಾರು ವರ್ಷ ಅವಳು ಪೆಟ್ಟಿಗೆಯನ್ನು ಹೊರಗಿನಿಂದ ನೋಡಿದ್ದಳೇ ಹೊರತು ಒಳಗೆ ಏನಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಮಾವ ಎರಡೂ ಕೈ ಚಾಚಿ ಬಾಳೆಲೆ ಸಮೇತ ತೆಗೆದುಕೊಂಡ.

"ಯಾವ್ದೋ ಪಂಪಿನ್ ತುಂಡ್. ಚಂದ ಮಾಡಿದ್ರಿ ಅಮ್ಮಣ್ಣಿಯಕ್ಕ," ಎಂದ.

ಎರಡು ತಿಂಗಳು ಅದನ್ನು ಒಣಗಿಸಿದ. ಆಮೇಲೆ ಹೊಸ ಕಾರ್ಡು ಹಾಕಿ ಕರೆಂಟು ಕೊಟ್ಟ. ಒಳಗೆ ಕಬ್ಬಿಣ ಉಜ್ಜಿದ ಸದ್ದು, ಹಸಿರು ಪರದೆಯ ಮೇಲೆ 1701 ಎಂಬ ನಾಲ್ಕು ಅಂಕೆ. ಡಿಸ್ಕು ಓದಲಾಗುವುದಿಲ್ಲ ಎಂದು ಅದರ ಅರ್ಥ. ಆ ಕಾರ್ಡಿನಲ್ಲಿ ದೋಷವಿರಲಿಲ್ಲ. ಬೇರೊಂದು ಡಿಸ್ಕು ಹಾಕಿದಾಗ ಅದೇ ಯಂತ್ರ ಸರಾಗವಾಗಿ ನಡೆಯಿತು, ಈಗಲೂ ನಡೆಯುತ್ತದೆ.

ಮುಂದಿನ ಸಲ ಅಮ್ಮಣ್ಣಿ ಬಂದು ಎಂದಿನ ಹಾಗೆ ಕೇಳಿದಾಗ ನಾನು ಜಗುಲಿಯಲ್ಲೇ ಇದ್ದೆ. ಮಾವ ಅವಳ ಮುಖ ನೋಡಿಯೇ ಹೇಳಿದ.

"ಅದ್ರೊಳ್ಗೆ ಎಂತದೂ ಇಲ್ಲೆ ಅಮ್ಮಣ್ಣಿಯಕ್ಕ. ಕಿಟ್ಟನ್ ಹೆಸ್ರ್ ನಾ ಬರೀಲೇ ಇಲ್ಲೆ. ನಿಮ್ಗೆ ಸಮಾಧಾನ ಆಯ್ಲಿ ಅಂತ ಹೇಳಿದ್ದ್."

ಅಮ್ಮಣ್ಣಿ ಬುಟ್ಟಿ ಎತ್ತಿ ತಲೆಯ ಮೇಲೆ ಇಟ್ಟುಕೊಂಡಳು. ಅವತ್ತು ಮೊದಲ ಬಾರಿಗೆ ಶೆಟ್ರೆ ಎನ್ನಲಿಲ್ಲ.

"ಹದ್ನಾರ್ ವರ್ಷ ನಿನ್ ಅಂಗಳ್ದಗೆ ಬುಟ್ಟಿ ಇಳ್ಸಿದೆ. ಮೀನ್ ಮಾರುಕೆ ಬಂದದ್ದ್ ಅಂದ್ಕಂಡ್ಯಾ ನೀ?"

ಮತ್ತೆ ಅವಳು ನಮ್ಮ ಮನೆಗೆ ಬರಲಿಲ್ಲ. ಮನೆ ಮನೆಗೆ ಹೋಗುವ ಹೆಂಗಸು, ಊರಿಗೆಲ್ಲ ಹೇಳಿದಳು. ಹೇಳದೆ ಇರುತ್ತಾಳೆಯೇ? ಮಾವ ಪೇಟೆಗೆ ಹೋದರೆ ಜನ ಮುಖ ತಿರುಗಿಸಿದರು. ಒಂದು ದಿನ ನಾನು ತಡೆಯಲಾರದೆ ಯಾಕೆ ಹೀಗೆ ಮಾಡಿದೆ ಎಂದು ಕೇಳಿದೆ. ಅವನು ಕೀಲಿ ತಿಕ್ಕುತ್ತಾ ಕೂತಿದ್ದ.

"ತಮ್ಮನ್ ವಿಳಾಸ ತನ್ನ ಕೈಯಗೇ ತೊಳ್ದ್ ಹೋಯ್ತ್ ಅಂತ ಗೊತ್ತಾರೆ ಅವ್ರ್ ಅನ್ನ ಮುಟ್ಟುದಿಲ್ಲ ಮಾರಾಯ. ನಂಗೆ ಬೈಕಂಡ್ ಇರ್ಲಿ. ನೀ ಎಲ್ಲೂ ಹೇಳ್ಬೇಡ."

ನಾನು ಹೇಳಲಿಲ್ಲ. ಅಮ್ಮಣ್ಣಿಯನ್ನು ಉಳಿಸಲಿಕ್ಕೆ ಮಾವ ಕಟ್ಟಿದ ಸುಳ್ಳಿನ ಮರೆಯಲ್ಲಿ ನಾನು ಎರಡು ವರ್ಷ ಆರಾಮಾಗಿ ಕೂತೆ. ಮುಡಿ ಇಳಿಸಿದವನು ನಾನು, ಬೀಗದ ಸುಳ್ಳು ಹೇಳಿದವನು ನಾನು. ಅದರ ಬಗ್ಗೆ ಮಾವ ಒಂದು ದಿನವೂ ಒಂದು ಮಾತೂ ಎತ್ತಲಿಲ್ಲ. ಎತ್ತಿದ್ದರೆ ಅವನ ಮೇಲೆ ರೇಗಿಯಾದರೂ ಹಗುರಾಗುತ್ತಿದ್ದೆ.

ಅಮ್ಮಣ್ಣಿ ಸತ್ತಾಗ ಅವಳ ಮಗಳು ವನಜ ಹದಿಮೂರನೇ ದಿನದ ಬೊಜ್ಜದ ಊಟಕ್ಕೆ ಕರೆಯಲು ಬಂದಳು. ಅಮ್ಮನಿಗೂ ನನಗೂ ಹೇಳಿದಳು. ಗೋವರ್ಧನ ಶೆಟ್ಟಿ ಮಾತ್ರ ಬರುವುದು ಬೇಡ ಎಂದು ತಾಯಿ ಸಾಯುವ ಮೊದಲು ಹೇಳಿ ಹೋಗಿದ್ದಾಳೆ ಎಂದು ಮಾವನಿಗೆ ಕೇಳುವ ಹಾಗೇ ಹೇಳಿದಳು. ಒಳಗೆ ಮಾವನ ಬ್ರಷ್ಷಿನ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಬೊಜ್ಜದ ದಿನ ನಾನು ಹೊರಡುವಾಗ ಅವನು ಆ ಹಳೆಯ ಯಂತ್ರದ ಮುಂದೆ ಕೂತಿದ್ದ. ಪರದೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಅವನೇ ಹೊಸದಾಗಿ ಟೈಪ್ ಮಾಡಿದ ಒಂದೇ ಸಾಲು: ಕಿಟ್ಟ, ಯಡ್ತರೆ, ಅಕ್ಕ ಅಮ್ಮಣ್ಣಿ. ವಿಳಾಸದ ಜಾಗ ಖಾಲಿ ಇತ್ತು. ಉಂಡು ಬಾ ಎಂದ, ತಿರುಗಿ ನೋಡಲಿಲ್ಲ.

ವನಜ ನನ್ನನ್ನು ಮೊದಲ ಪಂಕ್ತಿಯಲ್ಲೇ ಕೂರಿಸಿದಳು. ಅನ್ನ ಬಡಿಸುತ್ತಾ, "ಆ ಮನೆಯಗೆ ರತನಣ್ಣ ಒಬ್ರೇ ಒಳ್ಳೆ ಜನ ಅಂತ ಅಮ್ಮ ಹೇಳ್ತಿತ್ತ್," ಎಂದಳು. ನಾನು ಎರಡನೇ ಸಲವೂ ಅನ್ನ ಹಾಕಿಸಿಕೊಂಡು ಉಂಡೆ.