ಸೊಳ್ಳೆ ಮನೆಯ ಮೂರು ದಿನ

ಯಾರಾದರೂ ದೆವ್ವ, ಶಕುನ, ದೃಷ್ಟಿ ಎಂದು ಮಾತು ತೆಗೆದರೆ ನಾನು ಎದ್ದು ಹೋಗುತ್ತಿದ್ದವನಲ್ಲ. ಕೂತು, ಪೂರ್ತಿ ಕೇಳಿ, ಕೊನೆಯಲ್ಲಿ ಗೇಲಿ ಮಾಡುತ್ತಿದ್ದವನು. ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿದ ಸೊಕ್ಕು ಬೇರೆ ಇತ್ತು. ನಮ್ಮ ಅಜ್ಜಿ ಬಾಗಿಲಿಗೆ ಕಟ್ಟಿದ ನಿಂಬೆಹಣ್ಣನ್ನು ಬಿಚ್ಚಿ ಶರಬತ್ತು ಮಾಡಿ ಕುಡಿದ ಮಹಾನುಭಾವ ನಾನು. ಈಗ ಇದನ್ನು ಓದಿ ನೀವೂ ನನ್ನನ್ನು ಹಾಗೇ ಗೇಲಿ ಮಾಡಿದರೆ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನನ್ನ ತಪ್ಪನ್ನೂ ಸೇರಿಸಿ.

ಎಂಬತ್ತರ ದಶಕದ ಮೊದಲ ವರ್ಷಗಳು. ಪುಣೆಯ ಸೊಲ್ಲಾಪುರ ರಸ್ತೆಯ ಕಡೆ ಒಂದು ಸಣ್ಣ ಕಂಪನಿಯಲ್ಲಿ ಕೆಲಸಕ್ಕಿದ್ದೆ. ಸೊಳ್ಳೆಯ ಮರಿಗಳನ್ನು ಮಾತ್ರ ಕೊಂದು, ಮೀನಿಗೂ ದನಕ್ಕೂ ಏನೂ ಮಾಡದ ಒಂದು ಬ್ಯಾಕ್ಟೀರಿಯಾ ಪತ್ತೆಯಾಗಿ ಆಗ ಕೆಲವೇ ವರ್ಷಗಳಾಗಿದ್ದವು. ಅದನ್ನು ಉಕ್ಕಿನ ದೊಡ್ಡ ಪಾತ್ರೆಗಳಲ್ಲಿ ಬೆಳೆಸಿ, ಒಣಗಿಸಿ, ಪುಡಿ ಮಾಡಿ ಮಾರಬೇಕೆಂಬುದು ನಮ್ಮ ಮಾಲೀಕರ ಆಸೆ. ಇನ್ನು ಮುಂದೆ ವಿಷ ಬೇಡ, ಜೀವವೇ ಔಷಧಿ ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು. ಪುಡಿ ಎಷ್ಟು ಚುರುಕಾಗಿದೆ ಎಂದು ನೋಡಲು ವಾರವಾರವೂ ಸಾವಿರಾರು ಸೊಳ್ಳೆಮರಿ ಬೇಕು. ಅದಕ್ಕೆ ಸೊಳ್ಳೆ ಸಾಕಬೇಕು. ಆ ಸಾಕಣೆ ನನ್ನ ಪಾಲಿಗೆ ಬಂದಿತ್ತು.

ಕಂಪನಿಯ ಹಿತ್ತಿಲಲ್ಲಿ ಕಿಟಕಿಯಿಲ್ಲದ ಒಂದು ಕೋಣೆ. ಎಲ್ಲರೂ ಅದನ್ನು ‘ಡಾಸ್ ಘರ್’, ಅಂದರೆ ಸೊಳ್ಳೆ ಮನೆ ಎನ್ನುತ್ತಿದ್ದರು. ಗೋಡೆಗೆ ಒದ್ದೆ ಗೋಣಿತಾಟು, ಮೂಲೆಯಲ್ಲಿ ಒಂದು ಹೀಟರು, ನಡುವೆ ಮೇಜಿನ ಮೇಲೆ ಪರದೆ ಬಟ್ಟೆಯ ದೊಡ್ಡ ಪಂಜರ. ಇರುವೆ ಹತ್ತಬಾರದೆಂದು ಮೇಜಿನ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ಇಟ್ಟಿದ್ದೆವು. ನಮ್ಮದು ಕಾಲಿಗೆ ಬಿಳಿ ಪಟ್ಟೆಯಿರುವ, ಹಗಲು ಹೊತ್ತಿನಲ್ಲಿ ಕಚ್ಚುವ ಜಾತಿ. ಗಂಡು ಸೊಳ್ಳೆಗೆ ನೆನೆಸಿದ ಒಣದ್ರಾಕ್ಷಿ ಸಾಕು. ಹೆಣ್ಣಿಗೆ ಮಾತ್ರ ರಕ್ತ ಬೇಕು, ಇಲ್ಲದಿದ್ದರೆ ಮೊಟ್ಟೆಯಿಲ್ಲ. ಬೇರೆ ಕಡೆ ಮೊಲ, ಕೋಳಿಮರಿ ಇಡುತ್ತಾರಂತೆ. ನಮ್ಮಲ್ಲಿ ಸಾಬಣ್ಣ ಇದ್ದ.

ಸಾಬಣ್ಣ ಯಾದಗಿರಿ ಕಡೆಯವನು. ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದು, ನಮ್ಮ ಕಂಪನಿಯ ಗೋಡೆ ಕಟ್ಟಿ, ಕೊನೆಗೆ ಅದೇ ಗೋಡೆಯೊಳಗೆ ಕೆಲಸಕ್ಕೆ ಉಳಿದುಕೊಂಡ. ದಿನಾ ಮಧ್ಯಾಹ್ನ ಎಡಗೈಯನ್ನು ಸೋಪಿಲ್ಲದೆ ತೊಳೆದು, ಪಂಜರದ ಬಟ್ಟೆಯ ತೋಳಿನೊಳಗೆ ಮೊಣಕೈವರೆಗೆ ತೂರಿಸಿ, ದಾರ ಬಿಗಿದು ಹತ್ತು ನಿಮಿಷ ಕೂರುತ್ತಿದ್ದ. ನೂರಾರು ಸೊಳ್ಳೆ ಮುತ್ತಿ ಕುಡಿಯುತ್ತಿದ್ದವು. ಅವು ಒಳಗೇ ಹುಟ್ಟಿ ಒಳಗೇ ಸಾಯುವ ಸೊಳ್ಳೆಗಳು, ರೋಗದ ಭಯವಿರಲಿಲ್ಲ. ವರ್ಷಗಟ್ಟಲೆ ಕಚ್ಚಿಸಿಕೊಂಡು ಅವನ ಕೈ ಎಷ್ಟು ಒಗ್ಗಿತ್ತೆಂದರೆ ಒಂದು ಗುಳ್ಳೆಯೂ ಏಳುತ್ತಿರಲಿಲ್ಲ. ನಾನು ಒಮ್ಮೆ ಪ್ರಯತ್ನಿಸಿದ್ದೆ. ವಾರವಿಡೀ ಕೈ ಹುಣಸೆಕಾಯಿಯ ಹಾಗೆ ಗಂಟುಗಂಟಾಗಿ ಊದಿಕೊಂಡಿತ್ತು.

ಒಂದು ಬುಧವಾರ ಅವನು ರಜೆ ಕೇಳಲು ಬಂದ. ಅವನಿಗೆ ಇದ್ದವಳು ಒಬ್ಬಳೇ ಮಗಳು, ದೇವಮ್ಮ. ಪುಣೆಯಿಂದ ಪೂರ್ವಕ್ಕಿರುವ ದೌಂಡದಲ್ಲಿ ರೈಲ್ವೆ ಕೆಲಸದವನಿಗೆ ಕೊಟ್ಟಿದ್ದ. ಚೊಚ್ಚಲ ಬಸುರಿ.

“ದಿನ ತುಂಬ್ಯಾವ್ರಿ ಸಾಹೇಬ್ರ. ತಾಯಿಲ್ಲದ ಹುಡುಗಿ. ನಾ ಹೋಗಲಿಕ್ಕಂದ್ರ ಯಾರ ಅದಾರ್ರಿ ಆಕಿಗಿ?” ಎಂದ.

“ಹೋಗಿ ಬಾ ಸಾಬಣ್ಣ. ಇಲ್ಲಿ ನಾ ನೋಡ್ಕೋತೀನಿ” ಎಂದೆ.

ಅವನು ಬಾಗಿಲವರೆಗೆ ಹೋಗಿ ತಿರುಗಿ ನಿಂತ. “ಒಂದಿನಾನೂ ತಪ್ಪಸಬ್ಯಾಡ್ರಿ. ಇಷ್ಟ ವರ್ಷ ನಾ ತಪ್ಪಸಿಲ್ಲ. ಹಸದಿದ್ದು ಹಾದಿ ಹುಡಕ್ತದ್ರಿ” ಎಂದ. ನಾನು ನಕ್ಕು ಆಯ್ತು ಎಂದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಆ ಭಾನುವಾರ ಬೆಳಗಾವಿಯಲ್ಲಿ ನನಗೆ ಹೆಣ್ಣು ನೋಡುವ ಕಾರ್ಯಕ್ರಮವಿತ್ತು. ಕೈತುಂಬ ಗುಳ್ಳೆ ಎಬ್ಬಿಸಿಕೊಂಡು ಹೋಗಿ ಉಪ್ಪಿಟ್ಟಿನ ತಟ್ಟೆಗೆ ಕೈ ಚಾಚಿದರೆ ಹುಡುಗನಿಗೆ ಚರ್ಮರೋಗ ಎಂದು ಅವರು ಬಾಗಿಲು ಹಾಕಿಕೊಳ್ಳುವುದು ಗ್ಯಾರಂಟಿ. ಗುರುವಾರ ನಾನು ಕೈ ಇಡಲಿಲ್ಲ. ರಿಜಿಸ್ಟರಿನಲ್ಲಿ ಮಾತ್ರ ‘ಉಣಿಸಲಾಯಿತು’ ಎಂದು ಬರೆದು ಸಹಿ ಹಾಕಿದೆ. ಶುಕ್ರವಾರವೂ ಅಷ್ಟೆ. ತುಂಬುತೋಳಿನ ಅಂಗಿ ಹಾಕಿಕೊಂಡು ದ್ರಾಕ್ಷಿ ಬದಲಿಸಲು ಹೋದಾಗ ಹೆಣ್ಣು ಸೊಳ್ಳೆಗಳೆಲ್ಲ ನಾನು ನಿಂತ ಕಡೆಯ ಪರದೆಗೆ ಬಂದು ಅಂಟಿಕೊಂಡವು. ನಾನು ಆ ಕಡೆ ಹೋದರೆ ಆ ಕಡೆ, ಈ ಕಡೆ ಬಂದರೆ ಈ ಕಡೆ. ಬೇಗ ಬಾಗಿಲು ಹಾಕಿ ಬೀಗ ಹಾಕಿದೆ.

ಶನಿವಾರ ಊರಿಗೆ ಹೊರಡುವ ಮೊದಲು, ಮಧ್ಯಾಹ್ನ ಮೂರೂವರೆಯ ಸುಮಾರಿಗೆ, ಮತ್ತೆ ಕೋಣೆಗೆ ಹೋದೆ. ಹೊರಗೆ ಬಿಸಿಲು ಸುಡುತ್ತಿತ್ತು. ಒಳಗೆ ಕಾಲಿಟ್ಟಾಗ ಮೊದಲು ಗಮನಕ್ಕೆ ಬಂದದ್ದು ಸದ್ದಿಲ್ಲದಿರುವುದು. ಹಸಿದ ಪಂಜರ ಗುಂಯ್‌ಗುಡುತ್ತಲೇ ಇರುತ್ತದೆ. ಅವತ್ತು ಒಂದೂ ಹಾರುತ್ತಿರಲಿಲ್ಲ. ಹೆಣ್ಣು ಸೊಳ್ಳೆಗಳೆಲ್ಲ ಪೂರ್ವದ ಕಡೆಯ ಪರದೆಯ ಮೇಲೆ ಒತ್ತಾಗಿ ಕೂತಿದ್ದವು. ಬ್ಯಾಟರಿ ಬಿಟ್ಟು ನೋಡಿದೆ. ಪ್ರತಿಯೊಂದರ ಹೊಟ್ಟೆಯೂ ಉಬ್ಬಿ ದಾಳಿಂಬೆ ಕಾಳಿನ ಹಾಗೆ ಕೆಂಪಗಿತ್ತು. ಆಗಷ್ಟೇ ಉಂಡೆದ್ದವುಗಳ ಹೊಟ್ಟೆ.

ನಿಮಗೆ ತೋಚುವುದೆಲ್ಲ ನನಗೂ ತೋಚಿತು. ಯಾರಾದರೂ ಒಳಗೆ ಬಂದರೇ? ಒಂದು ಕೀಲಿಕೈ ನನ್ನ ಜೇಬಿನಲ್ಲಿತ್ತು, ಇನ್ನೊಂದು ಮಾಲೀಕರ ಬಳಿ, ಅವರು ಮುಂಬಯಿಯಲ್ಲಿ. ಹಲ್ಲಿಯೇ? ಒಂದು ಸೊಳ್ಳೆಯನ್ನು ಹಿಡಿದು ಗಾಜಿನ ಮೇಲೆ ಒರೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಹಲ್ಲಿಯ, ಹಕ್ಕಿಯ ರಕ್ತಕಣದ ನಡುವೆ ಒಂದು ಚುಕ್ಕೆ ಕಾಣುತ್ತದೆ. ಇದರಲ್ಲಿ ಅದಿರಲಿಲ್ಲ, ಅಂದರೆ ಇಲಿಯದೋ ಮನುಷ್ಯನದೋ ರಕ್ತ. ಇಲಿಯೋ ಎಂದು ನೆಲವೆಲ್ಲ ಹುಡುಕಿದೆ. ಬಟ್ಟಲುಗಳ ನೀರು ಕದಡಿರಲಿಲ್ಲ, ಪರದೆಯಲ್ಲಿ ತೂತಿರಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಕೊನೆಗೆ ನನಗೆ ಸಂತೋಷವೇ ಆಯಿತು. ಮೊಟ್ಟೆ ಬರುತ್ತವೆ, ನನ್ನ ಸುಳ್ಳು ಹೊರಬೀಳುವುದಿಲ್ಲ. ರಿಜಿಸ್ಟರಿನಲ್ಲಿ ಮೂರನೇ ಸಲ ‘ಉಣಿಸಲಾಯಿತು’ ಎಂದು ಬರೆದು ಬೆಳಗಾವಿಯ ಬಸ್ಸು ಹಿಡಿದೆ.

ಹುಡುಗಿ ಒಪ್ಪಿಗೆಯಾದಳು. ನಾನು ಸೋಮವಾರ ಮರಳುವಷ್ಟರಲ್ಲಿ ಒದ್ದೆ ಕಾಗದದ ಮೇಲೆ ಕಪ್ಪಗೆ ಮೊಟ್ಟೆ ಸಾಲುಗಟ್ಟಿದ್ದವು. ಅಷ್ಟು ಮೊಟ್ಟೆಯನ್ನು ನಾನು ಹಿಂದೆ ನೋಡಿರಲಿಲ್ಲ.

ಬುಧವಾರ ಸಾಬಣ್ಣ ಬಂದ. ಬಾಗಿಲಲ್ಲಿ ನಿಂತವನನ್ನು ಒಂದು ಕ್ಷಣ ನಾನು ಗುರುತಿಸಲಿಲ್ಲ. ಮುಖ ಬೂದಿ ಬಳಿದ ಹಾಗಿತ್ತು.

“ದೇವಮ್ಮ ಹೋದಳ್ರಿ, ಶನಿವಾರ” ಎಂದ. ಕೂಸು ಬದುಕಿದೆ, ಹೆಣ್ಣು ಕೂಸು, ಎಂದ. ಹೆರಿಗೆಯಾದ ಮೇಲೆ ರಕ್ತ ನಿಲ್ಲಲಿಲ್ಲವಂತೆ. ಅಳಿಯನ ರಕ್ತ ಹೊಂದಲಿಲ್ಲ. ಸಾಬಣ್ಣನದು ಹೊಂದುತ್ತಿತ್ತು. ಗುರುವಾರವೇ ಡಾಕ್ಟರು ಅವನನ್ನು ನೋಡಿ, ಗಟ್ಟಿಮುಟ್ಟಾಗಿದ್ದೀ, ಬೇಕಾದರೆ ನಿನ್ನದೇ ತಗೊಳ್ಳೋಣ ಎಂದಿದ್ದರಂತೆ.

“ಶನಿವಾರ ಮಧ್ಯಾಹ್ನ ಡಾಕ್ಟರು ಸೂಜಿ ಹಿಡಕೊಂಡು ಬಂದ್ರು. ನನ್ನ ಕಣ್ಣ ರೆಪ್ಪಿ ಎಳದು ನೋಡಿದ್ರು. ಬೆರಳಿಗಿ ಚುಚ್ಚಿ ನೋಡಿದ್ರು. ‘ಮುದುಕಾ, ನಿನ್ನ ಮೈಯಾಗ ರಕ್ತನೇ ಇಲ್ಲ, ನೀ ಯಾರಿಗಿ ಕೊಡ್ತಿ’ ಅಂದ್ರು. ಎರಡ ದಿನದಾಗ ಎಲ್ಲಿ ಹೋತ್ರಿ ಅದು?”

ಅಷ್ಟು ಹೇಳಿ ಅವನು ಕಣ್ಣೊರೆಸಲು ಕೈ ಎತ್ತಿದ. ಅಂಗಿಯ ತೋಳು ಸರಿಯಿತು. ಎಡಗೈ ತುಂಬ ಗುಳ್ಳೆ. ಮಣಿಕಟ್ಟಿನಿಂದ ಮೊಣಕೈವರೆಗೆ ಒಂದು ಕಾಳು ಇಡುವಷ್ಟೂ ಜಾಗವಿರಲಿಲ್ಲ. ಮೊಣಕೈಯಲ್ಲಿ, ನಾವು ಪಂಜರದ ದಾರ ಬಿಗಿಯುವ ಜಾಗದಲ್ಲಿ, ಗೆರೆ ಎಳೆದ ಹಾಗೆ ಗುಳ್ಳೆ ನಿಂತಿದ್ದವು. ಆ ಗೆರೆಯಿಂದ ಮೇಲಕ್ಕೆ ಒಂದೂ ಇರಲಿಲ್ಲ.

ನಾನು ನೋಡಿದ್ದನ್ನು ಅವನೂ ನೋಡಿದ. “ಅಲ್ಲಿ ದವಾಖಾನಿಯಾಗ ಸೊಳ್ಳಿ ಭಾಳ ಅದಾವ್ರಿ” ಎಂದ, ನನಗೆ ಸಮಾಧಾನ ಹೇಳುವವನ ಹಾಗೆ. ಆಮೇಲೆ ಮೆಲ್ಲಗೆ ಕೇಳಿದ, “ಶನಿವಾರದ ತನಕ ಮೂರೂ ದಿನ ಉಣಿಸಿದ್ರೇನ್ರಿ ಸಾಹೇಬ್ರ?”

“ಉಣಿಸಿದೆ” ಎಂದೆ.

ಮೇಜಿನ ಮೇಲಿದ್ದ ನನ್ನ ಕೈಯನ್ನು ಅವನು ನೋಡಿದ. ಒಂದು ಕಲೆಯೂ ಇಲ್ಲದ ಕೈ. “ಛಲೋ ಆತ್ ಬಿಡ್ರಿ” ಎಂದು ಎದ್ದ. ಕೂಸನ್ನು ಕರೆದುಕೊಂಡು ಊರಿಗೆ ಹೋಗುತ್ತೇನೆ, ಇನ್ನು ಬರುವುದಿಲ್ಲ ಎಂದ. ಗೇಟಿನವರೆಗೆ ಹೋಗಿ ಅವನನ್ನು ಕರೆದು ನಿಜ ಹೇಳಬೇಕೆನ್ನಿಸಿತ್ತು, ಹೇಳಲಿಲ್ಲ. ಆಮೇಲೆ ಅವನ ಸುದ್ದಿಯೇ ಇಲ್ಲ.

ನಾನು ಲೆಕ್ಕ ಹಾಕಿ ನೋಡಿದ್ದೇನೆ. ಆ ಪಂಜರದ ಸೊಳ್ಳೆಗಳೆಲ್ಲ ಹೊಟ್ಟೆ ಬಿರಿಯ ಕುಡಿದರೂ ಒಂದು ಚಮಚ ರಕ್ತ ಆಗುವುದಿಲ್ಲ. ಅಷ್ಟರಿಂದ ಮನುಷ್ಯ ಬಿಳಿಚಿಕೊಳ್ಳುವುದಿಲ್ಲ. ಡಾಕ್ಟರು ಗುರುವಾರ ಸರಿಯಾಗಿ ನೋಡಿರಲಿಕ್ಕಿಲ್ಲ. ದೌಂಡದ ಸೊಳ್ಳೆಗಳು ಬೇರೆ ಜಾತಿ, ಅವುಗಳಿಗೆ ಅವನ ಕೈ ಒಗ್ಗಿರಲಿಕ್ಕಿಲ್ಲ. ಈ ಎಲ್ಲ ಮಾತನ್ನೂ ನಾನು ನನಗೆ ನೂರು ಸಲ ಹೇಳಿಕೊಂಡಿದ್ದೇನೆ. ಪಂಜರದೊಳಗಿದ್ದ ರಕ್ತ ಯಾರದೆಂಬ ಪ್ರಶ್ನೆ ಬಂದಾಗ ಮಾತು ಅಲ್ಲಿಗೇ ನಿಲ್ಲುತ್ತದೆ. ಆ ಮೊಟ್ಟೆಗಳಿಂದ ಹುಟ್ಟಿದ ಮರಿಗಳ ಮೇಲೆ ಪುಡಿ ಹಾಕಿದೆವು, ಸಂಜೆಯೊಳಗೆ ಒಂದೂ ಉಳಿಯಲಿಲ್ಲ. ಮಾಲೀಕರು ಪೇಡೆ ಹಂಚಿದರು. ನನ್ನ ಪಾಲಿನದನ್ನು ನಾನು ಕಾಗದದಲ್ಲಿ ಸುತ್ತಿ ಇಟ್ಟುಬಿಟ್ಟೆ.

ಸಾಬಣ್ಣ ಹೋದ ಮರುದಿನ, ಪ್ರಾಯಶ್ಚಿತ್ತವೋ ಏನೋ, ನಾನೇ ಪಂಜರದೊಳಗೆ ಕೈ ಇಟ್ಟು ಕೂತೆ. ಹತ್ತು ನಿಮಿಷ, ಆಮೇಲೆ ಅರ್ಧ ಗಂಟೆ. ಹಸಿದ ಸೊಳ್ಳೆಗಳು ಕೈ ಮೇಲೆ ಬಂದು ಕೂತವು, ನಡೆದಾಡಿದವು. ಒಂದೂ ಕಚ್ಚಲಿಲ್ಲ.

ಬೆಳಗಾವಿಯ ಆ ಹುಡುಗಿಯೇ ನನ್ನ ಹೆಂಡತಿ. ಮಳೆಗಾಲದಲ್ಲಿ ಅವಳೂ ಮಕ್ಕಳೂ ಚಟಚಟ ಎಂದು ಮೈ ಹೊಡೆದುಕೊಳ್ಳುತ್ತ ಪರದೆಯೊಳಗೆ ಸೇರುವಾಗ ನಾನು ಬರಿಮೈಯಲ್ಲಿ ಹೊರಗೆ ಕೂತಿರುತ್ತೇನೆ. “ನಿಮ್ಮ ರಕ್ತಾನ ಕಹಿ ನೋಡ್ರಿ” ಎಂದು ಅವಳು ನಗುತ್ತಾಳೆ. ಈ ಸಂಗತಿ ಅವಳಿಗೆ ಹೇಳಿಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಸೊಳ್ಳೆ ನನ್ನ ಎಡಗೈ ಮೇಲೆ ಬಂದು ಕೂರುತ್ತದೆ. ನಾನು ಅಲುಗಾಡುವುದಿಲ್ಲ. ಕಚ್ಚಲಿ, ಇದೊಂದಾದರೂ ಕಚ್ಚಲಿ ಎಂದು ಉಸಿರು ಹಿಡಿದು ಕಾಯುತ್ತೇನೆ. ಅದು ಮಣಿಕಟ್ಟಿನಿಂದ ಮೊಣಕೈವರೆಗೆ ಸಾವಕಾಶ ನಡೆದು, ಎದ್ದು ಹೋಗುತ್ತದೆ.