ಯಲ್ಲಾಪುರದಲ್ಲಿ ಇಳಿದ ಮೈಲುತುತ್ತು

ಆ ವರ್ಷ ಮಳೆ ತಡವಾಗಿತ್ತೋ, ನಾವೇ ತಡವಾಗಿದ್ದೆವೋ, ಈಗ ಖಚಿತವಾಗಿ ಹೇಳಲಾರೆ. ಎರಡು ಸಾವಿರದ ದಶಕದ ನಡುಭಾಗ ಎಂಬುದಷ್ಟು ಸರಿ. ಶಿರಸಿಯ ಒಂದು ಬೆಳೆಗಾರರ ಸಹಕಾರಿ ಸಂಘದಲ್ಲಿ ನಾನು ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದೆ. ವಿಭಾಗ ಎಂದರೆ ನಾನು, ಎರಡು ಯಂತ್ರ, ಒಂದು ಯುಪಿಎಸ್. ಧಾರವಾಡದಲ್ಲಿ ಗಣಿತ ಓದಿ ಬಂದ ನನಗೆ ಯಾರು ಏನು ಹೇಳಿದರೂ ಮೊದಲು ಅನುಮಾನಿಸುವ ಚಟ. ಆ ಅನುಮಾನ ಈಗ ನನ್ನ ನೆನಪಿನ ಮೇಲೇ ತಿರುಗಿದೆ. ಹಾಗಾಗಿ ಬರೆಯುವ ಮೊದಲು ಆಗ ಜೊತೆಗಿದ್ದ ಇಬ್ಬರನ್ನು ಕೇಳಿದೆ. ಅವರ ನೆನಪುಗಳು ನನ್ನದರ ಜೊತೆಗೂ ಹೊಂದಲಿಲ್ಲ, ಪರಸ್ಪರವೂ ಹೊಂದಲಿಲ್ಲ.

ಸಂಘಕ್ಕೆ ಸಿದ್ದಾಪುರ ಮತ್ತು ಯಲ್ಲಾಪುರದಲ್ಲಿ ಶಾಖೆಗಳಿದ್ದವು. ತೊಂಬತ್ತರ ದಶಕದಲ್ಲಿ ಮೂರೂ ಕಡೆ ಬೇರೆ ಬೇರೆಯವರು ಬಂದು ಬೇರೆ ಬೇರೆ ಪ್ರೋಗ್ರಾಂ ಹಾಕಿಕೊಟ್ಟು ಹೋಗಿದ್ದರು. ಒಂದಕ್ಕೆ ಇನ್ನೊಂದರ ಭಾಷೆ ಬಾರದು. ಸಿದ್ದಾಪುರದ ಯಂತ್ರದಲ್ಲಿ ‘ತುತ್ತ’ ಎಂದಿದ್ದದ್ದು ಯಲ್ಲಾಪುರದಲ್ಲಿ ‘ಸಿ.ಎಸ್.’ ಆಗಿರುತ್ತಿತ್ತು, ಶಿರಸಿಯಲ್ಲಿ ಬರೀ ಒಂದು ಸಂಖ್ಯೆ. ಮೂರೂ ಒಂದೇ ವಸ್ತು, ಅಡಿಕೆಯ ಕೊಳೆರೋಗಕ್ಕೆ ಸುಣ್ಣದ ಜೊತೆ ಕಲಸಿ ಹೊಡೆಯುವ ನೀಲಿ ಮೈಲುತುತ್ತು. ಶಾಖೆಗಳ ಲೆಕ್ಕ ಫ್ಲಾಪಿಯಲ್ಲಿ ಬರುತ್ತಿತ್ತು, ಅದನ್ನು ನಾನು ಮತ್ತೆ ಕೈಯಿಂದ ಟೈಪ್ ಮಾಡುತ್ತಿದ್ದೆ.

ಇದನ್ನು ಸರಿಪಡಿಸಲು ಹುಬ್ಬಳ್ಳಿಯ ಒಂದು ಕಂಪನಿಯವರು ಬಂದರು. ಮೂರು ಪ್ರೋಗ್ರಾಂಗಳನ್ನು ಒಂದಕ್ಕೊಂದು ಕಟ್ಟುವ ಬದಲು ನಡುವೆ ಒಂದು ಯಂತ್ರ ಇಟ್ಟರು. ಯಾರು ಏನು ಹೇಳಬೇಕಿದ್ದರೂ ಅದಕ್ಕೆ ಹೇಳಬೇಕು. ಅದು ಕೇಳಿಸಿಕೊಂಡು, ಭಾಷಾಂತರಿಸಿ, ತಲುಪಬೇಕಾದಲ್ಲಿಗೆ ತಲುಪಿಸುತ್ತದೆ. ಸರ್ವಿಸ್ ಬಸ್ ಎಂದು ಅದರ ಹೆಸರು. ಕೆಲವು ವರ್ಷಗಳಲ್ಲಿ ಆ ನಡುವಿನ ಯಂತ್ರವೂ ನನ್ನ ಕೋಣೆಯಿಂದ ಹೋಯಿತು. ಎಲ್ಲಿ ಎಂದು ಕೇಳಿದ್ದಕ್ಕೆ ಕ್ಲೌಡ್‌ನಲ್ಲಿದೆ ಅಂದರು. ಕರೆಂಟು ಹೋದಾಗ ಓಡಿ ಯುಪಿಎಸ್ ನೋಡುವ ಕೆಲಸ ತಪ್ಪಿತು, ಅಷ್ಟಕ್ಕೆ ನಾನು ಇಂದಿಗೂ ಋಣಿ.

ನಾನು ಹೇಳಹೊರಟದ್ದು ಆ ಸರ್ವಿಸ್ ಬಸ್ ಬಂದ ಮೊದಲ ಮಳೆಗಾಲದ ಮಾತು. ಮಳೆ ಹಿಡಿಯುವ ಮೊದಲು ಒಂದು ಸಲ ಮದ್ದು ಹೊಡೆದಾಗಬೇಕು. ಮಳೆ ಹಿಡಿದರೆ ಮರ ಜಾರುತ್ತದೆ, ಮರವೇರಿ ಮದ್ದು ಹೊಡೆಯುವ ಕೊನೆಗೌಡರು ಹತ್ತುವುದಿಲ್ಲ. ಹೊಡೆಯದ ತೋಟದಲ್ಲಿ ಕಾಯಿ ಕೊಳೆತು ಉದುರುತ್ತದೆ. ಆ ವಾರ ಸಿದ್ದಾಪುರ ಶಾಖೆಯ ವ್ಯವಸ್ಥಾಪಕಿ, ನಾನು ಅಕ್ಕ ಎಂದೇ ಕರೆಯುತ್ತಿದ್ದವರು, ಫೋನು ಮಾಡಿ ಮೈಲುತುತ್ತು ಇನ್ನೂ ಬಂದಿಲ್ಲ, ಜನ ಬೆಳಿಗ್ಗೆಯಿಂದ ಕಾಯುತ್ತಿದ್ದಾರೆ ಅಂದರು. ಪರದೆಯಲ್ಲಿ ಎಲ್ಲ ಸರಿಯಾಗೇ ಕಾಣುತ್ತಿದೆಯಲ್ಲ ಅಂದೆ.

“ನಿನ್ನ ಪರದೆಲಿ ಇಪ್ಪ ಮೈಲುತುತ್ತು ಹೊಡದ್ರೆ ಕೊಳೆ ನಿಲ್ತಾ ತಮಾ? ಆನು ಗೋದಾಮಲ್ಲೇ ನಿಂತ್ಕಂಡಿದ್ದಿ. ಇಲ್ಲಿ ಇಲಿ ಬಿಟ್ರೆ ಎಂತದೂ ಇಲ್ಲೆ.”

ಖರೀದಿ ವಿಭಾಗದಲ್ಲಿ ವಿಚಾರಿಸಿದರೆ ಲಾರಿಗಳು ಬಂದು ಹೋಗಿದ್ದವು, ಎಲ್ಲವೂ ಯಲ್ಲಾಪುರಕ್ಕೆ. ಬೇಡಿಕೆ ಬಂದ ಸಾಲಿನಲ್ಲೇ ಮಾಲು ಕಳಿಸುವುದು ಕ್ರಮ. ಯಲ್ಲಾಪುರದಿಂದ ಬೇಡಿಕೆಯ ಮೇಲೆ ಬೇಡಿಕೆ ಬಂದಿತ್ತು, ಸಿದ್ದಾಪುರದ್ದು ಸಾಲಿನ ಕೊನೆಗೆ ನಿಂತಿತ್ತು. ಅಷ್ಟರಲ್ಲಿ ಹುಬ್ಬಳ್ಳಿಯ ವ್ಯಾಪಾರಿಯಲ್ಲೂ ಮಾಲು ಮುಗಿದಿತ್ತು. ಮುಂದಿನ ಲೋಡು ಯಾವಾಗ ಎಂಬುದು ಅವರಿಗೇ ಗೊತ್ತಿರಲಿಲ್ಲ.

ಯಲ್ಲಾಪುರಕ್ಕೆ ಹೋದೆ. ಸಂಘದ ಜೀಪಿನಲ್ಲಿ ಎಂದು ನನ್ನ ನೆನಪು, ಬಸ್ಸಿನಲ್ಲಿ ಎಂದು ಅಲ್ಲಿನ ಗೋದಾಮಿನವರ ವಾದ. ಅವರು ನಿವೃತ್ತಿಗೆ ಹತ್ತಿರವಾಗಿದ್ದ ಮನುಷ್ಯ, ಮುಂಗೋಪಿ, ಆದರೆ ಬಂದವರಿಗೆ ಚಹಾ ಕುಡಿಸದೆ ಬಿಡುವವರಲ್ಲ. ಗೋದಾಮಿನಲ್ಲಿ ಚೀಲಗಳು ಮಾಡಿನವರೆಗೆ ಏರಿದ್ದವು. ಇಷ್ಟೇಕೆ ತರಿಸಿದಿರಿ ಎಂದು ಕೇಳಿದೆ. ತಾನು ತರಿಸಿದ್ದು ಒಂದೇ ಲೋಡು, ಉಳಿದದ್ದು ಸಂಘದ ಧಾರಾಳತನ ಎಂದು ತಿಳಿದಿದ್ದೆ ಅಂದರು. ಹಾಗಾದರೆ ಬೇಡಿಕೆ ಕಳಿಸುವ ಗುಂಡಿ ಎಷ್ಟು ಸಲ ಒತ್ತಿದಿರಿ ಅಂದೆ.

“ಆನು ಹೇಳಿದ್ದಕ್ಕೆ ಅದು ಹೂಂ ಹೇಳಿದ್ದೇ ಇಲ್ಲೆ. ಕೇಳಿದ್ದೋ ಇಲ್ಯೋ ಹೇಳಿ ಯಂಗೆ ಹ್ಯಾಂಗೆ ಗೊತ್ತಾಗವು? ಮತ್ತೊಂದ್ಸಲ ಹೇಳ್ದಿ.”

ನಗು ಬಂತು, ಆದರೆ ನಗುವ ಹಾಗಿರಲಿಲ್ಲ. ನಮ್ಮ ಕಡೆ ಮಾತಾಡುವಾಗ ಕೇಳುವವರು ಹೂಂಗುಟ್ಟುತ್ತಲೇ ಇರಬೇಕು. ಹೂಂ ನಿಂತರೆ ಹೇಳುವವರು ಮೊದಲಿನಿಂದ ಶುರು ಮಾಡುತ್ತಾರೆ. ಫೋನು ಕರಕರ ಎನ್ನುತ್ತಿದ್ದ ಕಾಲದಲ್ಲಿ ಇದು ಇನ್ನಷ್ಟು ಗಟ್ಟಿಯಾಗಿತ್ತು. ನಮ್ಮ ನಡುವಿನ ಯಂತ್ರ ಮಾತ್ರ ತುಟಿ ಪಿಟಕ್ಕೆನ್ನದೆ ಎಲ್ಲವನ್ನೂ ಕೇಳಿಸಿಕೊಂಡು, ಒಂದೊಂದನ್ನೂ ಹೊಸ ಬೇಡಿಕೆ ಎಂದು ತಿಳಿದು ನಿಷ್ಠೆಯಿಂದ ಸಾಗಿಸಿತ್ತು. ಮುಂದಿನ ಬೇಸಿಗೆಯ ಹೊತ್ತಿಗೆ ಕಂಪನಿಯವರು ಪ್ರತಿ ಬೇಡಿಕೆಗೂ ಒಂದು ಗುರುತು ಕೊಟ್ಟರು, ಅದೇ ಮಾತು ಮತ್ತೆ ಬಂದರೆ ಅದೇ ಎಂದು ಗೊತ್ತಾಗುವಂತೆ. ‘ತಲುಪಿತು’ ಎಂಬ ಮರುಮಾತನ್ನೂ ಸೇರಿಸಿದರು. ಅದು ನಾನು ಕೇಳಿ ಮಾಡಿಸಿದ್ದು ಎಂದು ಬಹಳ ಕಾಲ ಹೇಳಿಕೊಂಡು ತಿರುಗಿದ್ದೇನೆ. ಅವರ ಯೋಜನೆಯಲ್ಲಿ ಮೊದಲೇ ಇತ್ತೇನೋ.

ಅಂದು ಬೇಕಾಗಿದ್ದದ್ದು ಮಾತ್ರ ಬೇರೆ. ಮಾಲು ಸಿದ್ದಾಪುರಕ್ಕೆ ಹೋಗಬೇಕಿತ್ತು. ಹೊಸ ವ್ಯವಸ್ಥೆಯಲ್ಲಿ ಶಾಖೆಯಿಂದ ಶಾಖೆಗೆ ಮಾಲು ಕಳಿಸುವ ದಾರಿಯೇ ಇರಲಿಲ್ಲ. ಮೊದಲು ಶಿರಸಿಗೆ ವಾಪಸು ತೋರಿಸಬೇಕು, ಅಲ್ಲಿ ಒಪ್ಪಿಗೆಯಾಗಬೇಕು, ಆಮೇಲೆ ಹೊಸ ಬೇಡಿಕೆ. ಹೊರಗೆ ಆಕಾಶ ಕಪ್ಪಾಗಿತ್ತು. ನಾನು ಸಿದ್ದಾಪುರದ ನಂಬರು ಒತ್ತಿ ರಿಸೀವರನ್ನು ಗೋದಾಮಿನವರ ಕೈಗೆ ಕೊಟ್ಟೆ. ಅವರಿಗೂ ಅಕ್ಕನಿಗೂ ಆಗಿಬರುತ್ತಿರಲಿಲ್ಲ. ಹಂಗಾಮು ಬಂತೆಂದರೆ ಪಾಲು ಹೆಚ್ಚು ಯಾರಿಗೆ ಎಂದು ಪ್ರಧಾನ ಕಚೇರಿಯ ಮೂಲಕವೇ ಜಗಳ. ನೇರ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

“ತಂಗೀ, ನಿನ್ನ ಪಾಲು ಇಲ್ಲೇ ಇದ್ದು,” ಅಂದರು ಅವರು. ಆಚೆಯಿಂದ ಬಂದದ್ದನ್ನು ತುಸು ಹೊತ್ತು ಕೇಳಿ ನನ್ನ ಕಡೆ ತಿರುಗಿ, “‘ಭಾವ, ಕಡೆಗೂ ಒಪ್ಕಂಡ್ಯಲ’ ಹೇಳ್ತಾ ಇದ್ದು,” ಎಂದು ನಕ್ಕರು.

ಹೆದ್ದಾರಿಯ ಹೋಟೆಲ್ಲಿನ ಎದುರು ಬನವಾಸಿಯ ಲಾರಿಯೊಂದು ನಿಂತಿತ್ತು. ಅಂಕೋಲೆಯಲ್ಲಿ ಅನಾನಸು ಇಳಿಸಿ ಖಾಲಿ ವಾಪಸಾಗುತ್ತಿದ್ದ ಗಾಡಿ. ಗೋದಾಮಿನವರು ಹೋಗಿ ಕೇಳಿದರು. ಶಿರಸಿಯಿಂದ ಆಚೆ ಸಿದ್ದಾಪುರಕ್ಕೆ ಹೋಗುವುದೆಂದರೆ ಚಾಲಕನಿಗೆ ಊರಿನ ದಾರಿ ಬಿಟ್ಟ ಸುತ್ತು. ಅವನು ಹಿಂಬದಿಯ ಬಾಗಿಲು ತೆಗೆದು ಒಮ್ಮೆ ಮೂಸಿದ.

“ನಿಮ್ಮ ಔಷಧಕ್ಕ ಹಣ್ಣಿನ ವಾಸನಿ ಹತ್ತತೈತ್ರಿ. ನಡೀತದೇನ್ರಿ?”

ನಡೆಯುತ್ತದೆ ಅಂದೆವು. ಹಮಾಲರು ಊಟಕ್ಕೆ ಹೋಗಿದ್ದರು. ಗೋದಾಮಿನವರು ಪಂಚೆ ಎತ್ತಿ ಕಟ್ಟಿ ಚೀಲದ ಒಂದು ತುದಿ ಹಿಡಿದರು, ಇನ್ನೊಂದು ತುದಿ ನಾನು. ಅಂಗೈಯೆಲ್ಲ ನೀಲಿಯಾಯಿತು. ಚಾಲಕನ ಪಕ್ಕ ಕುಳಿತು ನಾನೂ ಹೊರಟೆ.

ಸಿದ್ದಾಪುರ ತಲುಪಿದಾಗ ಹಗಲು ಇನ್ನೂ ಇತ್ತು. ಅಂಗಳದಲ್ಲಿ ಜನ ಸ್ಕೂಟರ್, ಬೈಕು ನಿಲ್ಲಿಸಿಕೊಂಡು ಕಾಯುತ್ತಿದ್ದರು. ಬೆಳಿಗ್ಗೆ ಕಾದು ಬರಿಗೈಯಲ್ಲಿ ಹೋದವರಿಗೆಲ್ಲ ಮಾಲು ಬರುತ್ತಿದೆ ಎಂದು ಅಕ್ಕ ಹೇಳಿ ಕಳಿಸಿದ್ದರಂತೆ. ಒಬ್ಬರು ಚೀಲ ಹೆಗಲಿಗೇರಿಸುತ್ತ, ಈ ಸಲದ ಮದ್ದಿಗೆ ಒಳ್ಳೆ ಪರಿಮಳ ಇದೆ ಅಂದರು. ಅಕ್ಕ ಚೀಲ ಹಂಚಿ ಮುಗಿಸುವವರೆಗೂ ಕುರ್ಚಿಯಲ್ಲಿ ಕೂರಲಿಲ್ಲ. ಆಮೇಲೆ ನನ್ನ ಕೈ ನೋಡಿ ಒಳಗಿಂದ ಸಾಬೂನು ತಂದುಕೊಟ್ಟರು. ಬೈಯುತ್ತಾರೆಂದು ಕಾದಿದ್ದೆ, ಬೈಯಲಿಲ್ಲ.

ನನ್ನ ಕೆಲಸದ ಉಳಿದ ವರ್ಷಗಳೆಲ್ಲ ಯಂತ್ರಗಳನ್ನು ಯಂತ್ರಗಳಿಗೆ ಜೋಡಿಸುವುದರಲ್ಲೇ ಕಳೆದವು. ಅದರಿಂದ ಊಟ ಮಾಡಿದ್ದೇನೆ, ಅದನ್ನು ಹಗುರ ಮಾಡಿ ಮಾತಾಡಲಾರೆ. ಆದರೂ ಯಾರಿಗಾದರೂ ಕೃತಜ್ಞತೆ ಹೇಳಬೇಕೆನ್ನಿಸಿದಾಗ ಮೊದಲು ನೆನಪಾಗುವುದು ಆ ಮೂವರು, ಅಕ್ಕ, ಗೋದಾಮಿನವರು, ಆ ಲಾರಿಯ ಚಾಲಕ.

ಮಳೆ ಅದೇ ರಾತ್ರಿ ಹಿಡಿಯಿತು ಎಂದು ನನ್ನ ನೆನಪು. ಹಾಗಾದರೆ ಮದ್ದು ಹೊಡೆದದ್ದು ಯಾವಾಗ ಎಂದು ಅಕ್ಕ ನನ್ನನ್ನೇ ಕೇಳಿದರು. ವಾರ ಬಿಟ್ಟು ಹಿಡಿದದ್ದು, ಕಡೆಯ ತೋಟದವರೂ ಹೊಡೆದು ಮುಗಿಸಿ ಡ್ರಮ್ಮು ತೊಳೆದಿಟ್ಟಿದ್ದರು ಅಂದರು. ಇದೊಂದನ್ನು ನಾನು ಅನುಮಾನಿಸಲು ಹೋಗಿಲ್ಲ.